ನಷ್ಟವಾದೊಂದು ನೌಕಾವಿಮಾನದ ಪುನರ್ನಿರ್ಮಾಣ

ಮೂಲವು ನಷ್ಟವಾಗಿ, ಇತರರು ಉದಾಹರಿಸಿರುವ ಭಾಗಗಳಿಂದ ಮಾತ್ರ ತಿಳಿದುಬರುವ ಕೃತಿಗಳ ವಿಚಾರವು ವಿದ್ವಜ್ಜನರಿಗೆ ಹೊಸದಲ್ಲ. ಒಂದನೆಯ ಗುಣವರ್ಮನ 'ಶೂದ್ರಕ'ವನ್ನು ನಾವಾರೂ ಕಂಡವರಲ್ಲ. ಆದರೂ ಉದಾಹೃತವಾದ ಪದ್ಯಗಳ ಬಲದಿಂದ ಅದರ ಸ್ವರೂಪವನ್ನು ಕುರಿತು ಮಾತನಾಡುತ್ತೇವೆ. ಹೀಗೆ ಮಾತನಾಡುವಾಗ ಎಷ್ಟು ಭಾಗವು ಸಾಕ್ಷ್ಯ, ಎಷ್ಟು ಭಾಗವು ಊಹೆ ಎಂಬುದನ್ನು ಬೇರ್ಪಡಿಸಿಟ್ಟುಕೊಳ್ಳುವುದು ಗ್ರಂಥಸಂಪಾದಕನ ಮೊದಲನೆಯ ಧರ್ಮವಾಗಿರುವುದು. ಈ ಧರ್ಮವು ತಾಳೆಯೋಲೆಗೆ ಮಾತ್ರ ಸಂಬಂಧಿಸಿದುದಲ್ಲವೆಂಬುದು ಇತ್ತೀಚೆಗೆ ನಮಗೆ ಅನಿರೀಕ್ಷಿತವಾದೊಂದು ಕಡೆಯಿಂದ ಮನವರಿಕೆಯಾಯಿತು. ವಿಷಯವು ವಿಮಾನಕ್ಕೆ ಸಂಬಂಧಿಸಿದುದು, ವಾಚಕರು ಕ್ಷಮಿಸಬೇಕು.

ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಸಂಸ್ಥೆಯವರು ಎರಡನೆಯ ಮಹಾಯುದ್ಧದ ಕಾಲದಲ್ಲಿ 'ಹಾರ್ನೆಟ್', ಎಂದರೆ ಕಣಜ, ಎಂಬ ಹೆಸರಿನ ಎರಡು ಎಂಜಿನುಗಳ ಯುದ್ಧವಿಮಾನವೊಂದನ್ನು ನಿರ್ಮಿಸಿದರು. ಇದರ ಆದಿಮಾದರಿಯು ೧೯೪೪ನೆಯ ಇಸವಿ ಜುಲೈ ೨೮ರಂದು ಮೊದಲನೆಯ ಸಲ ಹಾರಿತು. ಶಾಂತಸಾಗರದಲ್ಲಿ ಜಪಾನೀಯರೊಡನೆ ಹೋರಾಡಲು ಬಹುದೂರ ಹೋಗಿಬರಬಲ್ಲ ವಿಮಾನವು ಬೇಕಾಗಿದ್ದುದೇ ಇದರ ಹುಟ್ಟಿಗೆ ಕಾರಣ. ಇದರ ನೌಕಾರೂಪವೇ 'ಸೀ ಹಾರ್ನೆಟ್', ಕಡಲ ಕಣಜ. ರೆಕ್ಕೆಗಳು ಮಡಿಸುವಂತೆಯೂ, ಹಡಗಿನ ಡೆಕ್ಕಿನ ಮೇಲೆ ಅಡ್ಡಲಾಗಿ ಬಿಗಿದಿರುವ ತಂತಿಯನ್ನು ಹಿಡಿಯುವ ಕೊಕ್ಕೆಯು ಬಾಲದಡಿಯಲ್ಲಿರುವಂತೆಯೂ ಮಾರ್ಪಡಿಸಲ್ಪಟ್ಟ ಈ ರೂಪವು ೧೯೪೫ರ ಏಪ್ರಿಲ್ ೧೯ರಂದು ಹಾರಿ, ಅದೇ ವರ್ಷ ಆಗಸ್ಟ್ ತಿಂಗಳಿನಲ್ಲಿ 'ಓಷನ್' ಎಂಬ ವಿಮಾನವಾಹಕ ನೌಕೆಯ ಮೇಲೆ ಪರೀಕ್ಷಿಸಲ್ಪಟ್ಟಿತು. ಆ ತಿಂಗಳ ನಡುವಿನಲ್ಲಿಯೇ ಜಪಾನು ಶರಣಾಗತವಾದುದರಿಂದ, ಯಾವ ಯುದ್ಧಕ್ಕಾಗಿ ಇದು ಹುಟ್ಟಿತೋ ಆ ಯುದ್ಧವನ್ನು ಇದು ಕಾಣಲೇ ಇಲ್ಲ. ಪರೀಕ್ಷೆಯನ್ನು ನಡೆಸಿದ ಎರಿಕ್ ಬ್ರೌನ್ ಎಂಬ ನೌಕಾವೈಮಾನಿಕನು ತನ್ನ ಜೀವಮಾನದಲ್ಲಿ ೪೮೭ ಬಗೆಯ ವಿಮಾನಗಳನ್ನು ನಡೆಸಿದವನು. ಅವುಗಳಲ್ಲಿ ಇದನ್ನು ಅತ್ಯುತ್ತಮವಾದವುಗಳ ಸಾಲಿನಲ್ಲಿ ಎಣಿಸಿದನು.

ಮುಂದೆ ೧೯೪೭ರಿಂದ ಕೆಲವು ವರ್ಷಗಳು ಸೀ ಹಾರ್ನೆಟ್ಟು ಬ್ರಿಟಿಷ್ ನೌಕಾದಳದಲ್ಲಿ ಸೇವೆಯಲ್ಲಿದ್ದಿತು. ಅಷ್ಟರಲ್ಲಿ ಜೆಟ್ ವಿಮಾನಗಳ ಕಾಲವು ಬಂದೊದಗಿತು. ಎಲ್ಲ ರೂಪಗಳೂ ಸೇರಿ ನಿರ್ಮಿತವಾದ ನಾನೂರಕ್ಕೆ ಕಡಿಮೆಯಾದ ಹಾರ್ನೆಟ್ಟುಗಳಲ್ಲಿ ಇಂದು ಇಡಿಯಾಗಿ ಉಳಿದಿರುವುದು ಒಂದೂ ಇಲ್ಲ. ಬಿಡಿಬಿಡಿಯಾದ ಅಂಗಗಳು, ನಕ್ಷೆಗಳು, ಛಾಯಾಚಿತ್ರಗಳು, ವೈಮಾನಿಕರ ಬರಹಗಳು, ಇಷ್ಟೇ ನಮ್ಮ ಪಾಲಿಗೆ ಬಂದ ಸಾಮಗ್ರಿ.

ನಮ್ಮ ತಂಗಿಯ ಮಗನು ಎಂಜಿನಿಯರಿಂಗ್ ವಿದ್ಯಾರ್ಥಿ. 'ಸಿಂಪಲ್ ಪ್ಲೇನ್ಸ್' ಎಂಬ ಗಣಕಯಂತ್ರದ ಆಟವೊಂದರಲ್ಲಿ ಅವನಿಗೆ ಬಹಳ ಆಸಕ್ತಿ. ಈ ಆಟದಲ್ಲಿ ಒಡಲಿನ ತುಂಡುಗಳು, ರೆಕ್ಕೆಗಳು, ಎಂಜಿನುಗಳು ಮೊದಲಾದ ಅಂಗಗಳನ್ನು ಒಂದೊಂದಾಗಿ ಜೋಡಿಸಿ ವಿಮಾನವನ್ನು ಕಟ್ಟಬೇಕು. ಕಟ್ಟಿದುದು ಆಟದ ಗಣಿತಕ್ಕೆ ಒಳಪಟ್ಟು ಹಾರುವುದು ಅಥವಾ ಬೀಳುವುದು. ಒಂದು ದಿನ ಅವನು ಬಂದು, "ಮಾವ, ಈ ವಿಮಾನ ಪ್ರಪಂಚದಲ್ಲಿ ಎಲ್ಲಿಯೂ ಒಂದೂ ಉಳಿದಿಲ್ಲ. ನಾನು ಕಟ್ಟಿದ್ದೇನೆ, ನೋಡಿ" ಎಂದು ತೋರಿಸಿದನು. ಮೂರು ಕಡೆಗಳಿಂದ ಬರೆದ ನಕ್ಷೆಯನ್ನು ಹಿನ್ನೆಲೆಯಾಗಿ ಇರಿಸಿಕೊಂಡು, ೪೫ ಅಡಿಗಳ ರೆಕ್ಕೆಯಗಲಕ್ಕೆ ಸರಿಯಾಗಿ ಅವನು ಕಟ್ಟಿದ್ದ ಆ ಪ್ರತಿಕೃತಿಯು ನೋಡಲು ಸುಂದರವಾಗಿಯೇ ಇದ್ದಿತು. ಇದು ಹೇಗೆ ಹಾರುವುದೆಂದು ನಾವು ಕೇಳಲಾಗಿ, ಮೊದಲು ಹಾರಲಿಲ್ಲವೆಂದೂ ಮೂತಿಯನ್ನೆತ್ತಿ ಹಿಮ್ಮಗುಚಿ ಬೀಳುತ್ತಿದ್ದಿತೆಂದೂ ಒಪ್ಪಿಕೊಂಡನು. ಆ ಆಟದಲ್ಲಿ ಭಾರದ ಕೇಂದ್ರವನ್ನು ಕೆಂಪು ಗೋಲದಿಂದಲೂ, ಮೇಲಕ್ಕೆತ್ತುವ ಬಲದ ಕೇಂದ್ರವನ್ನು ನೀಲಿ ಗೋಲದಿಂದಲೂ ಸೂಚಿಸುವರು. ನೀಲಿಯು ಕೆಂಪಿಗಿಂತ ಹಿಂದಿರಬೇಕು; ಇವನದರಲ್ಲಿ ಮುಂದಿದ್ದಿತು. ಅದಕ್ಕಾಗಿ ಮೂತಿಯ ತುಂಡಿನೊಳಗೆ ಆಟದವರು 'ಡೆಡ್ ವೆಯ್ಟ್' ಎಂದು ಕರೆಯುವ, ಕಣ್ಣಿಗೆ ಕಾಣದ ಭಾರವನ್ನು ತುಂಬಿದನಂತೆ. ವಿಮಾನವು ಹಾರಿತು.

ಇಲ್ಲಿಯೇ ನಮ್ಮ ಆಕ್ಷೇಪ. ನಿಜವಾದ ವಿಮಾನದ ಮೂತಿಯಲ್ಲಿದ್ದುದು ಏನು? ೨೦ ಮಿಲಿಮೀಟರಿನ ನಾಲ್ಕು ಫಿರಂಗಿಗಳು ಅಲ್ಲಿ, ವೈಮಾನಿಕನ ಆಸನದ ಕೆಳಭಾಗದಲ್ಲಿ, ಇದ್ದವು. ಅವುಗಳ ಭಾರವು ಸಾಕ್ಷ್ಯದಿಂದ ತಿಳಿಯತಕ್ಕದ್ದು. ಇವನು ತುಂಬಿದ ಭಾರವಾದರೋ ಹಾರಿಸಬೇಕೆಂಬ ಇಚ್ಛೆಯಿಂದ ಬಂದುದು. ಛಂದಸ್ಸು ಕೆಟ್ಟಿರುವ ಕಡೆಯಲ್ಲಿ ಸಂಪಾದಕನು ತಾನೇ ಎರಡಕ್ಷರವನ್ನು ಸೇರಿಸಿ, ಕಂಸವನ್ನೂ ಹಾಕದೆ, ಅಡಿಟಿಪ್ಪಣಿಯನ್ನೂ ಬರೆಯದೆ ಅಚ್ಚುಮಾಡಿಸಿದರೆ ಆಗುವ ಅನರ್ಥವೇ ಇದರಲ್ಲಿಯೂ ಆಗುವುದು. ಪದ್ಯವು ಸರಾಗವಾಗಿ ಓಡುವುದು. ಓಡುವುದರಿಂದಲೇ ಯಾರಿಗೂ ಸಂಶಯವು ಹುಟ್ಟದು. ಹುಡುಗನಿಗೆ ಇದನ್ನು ಹೇಳಿದಾಗ ಅವನು ಮೊದಲು ನಕ್ಕನು, ಆಮೇಲೆ ಯೋಚಿಸಿದನು.

ಎರಡನೆಯ ದೋಷವು ಇನ್ನೂ ಸೂಕ್ಷ್ಮವಾದುದು. ಹಾರ್ನೆಟ್ಟಿನ ಬಾಲದ ಮೇಲೆ ನಿಂತಿರುವ ಲಂಬಫಲಕದ ಬುಡದಿಂದ ಮುಂದಕ್ಕೆ ಇಳಿಜಾರಾಗಿ ಚಾಚಿದ ಒಂದು ಸಣ್ಣ ಫಲಕವು ಕೆಲವು ಛಾಯಾಚಿತ್ರಗಳಲ್ಲಿ ಕಾಣುವುದು, ಕೆಲವುಗಳಲ್ಲಿ ಕಾಣದು. ಒಂದು ಎಂಜಿನು ಕೆಟ್ಟಾಗ ವಿಮಾನವು ಪಕ್ಕಕ್ಕೆ ತಿರುಗಿಬಿಡುವುದನ್ನು ತಡೆಯಲು ಇದನ್ನು ಅನಂತರದಲ್ಲಿ ಸೇರಿಸಿದರು. ಮೊದಲೇ ನಿರ್ಮಿತವಾಗಿದ್ದವುಗಳಿಗೂ ಜೋಡಿಸಿದರು. ಆದುದರಿಂದ ಈ ಫಲಕವು ಕಾಲನಿರ್ಣಯಕ್ಕೆ ಒಂದು ಗಮಕ. ನಮ್ಮ ಹುಡುಗನು ತನ್ನ ಪ್ರತಿಕೃತಿಗೆ ೧೯೪೫ರ ಆದಿಮಾದರಿಯ ಅಂಕವನ್ನು ಬರೆದು, ಬಾಲಕ್ಕೆ ಮಾತ್ರ ಅನಂತರದ ಫಲಕವನ್ನಿಟ್ಟಿದ್ದನು. ಎರಡು ಶಾಖೆಗಳ ಪಾಠಗಳನ್ನು ಬೆರಸಿ, ಯಾವ ಹಸ್ತಪ್ರತಿಯಲ್ಲಿಯೂ ಇಲ್ಲದ ಮೂರನೆಯದೊಂದನ್ನು ಹುಟ್ಟಿಸಿದಂತಾಯಿತು. ಈ ಆಟದವರು ತಾವು ಕಟ್ಟಿದುದನ್ನು ಪರಸ್ಪರ ಹಂಚಿಕೊಳ್ಳುವರು. ಒಬ್ಬನದನ್ನು ಮತ್ತೊಬ್ಬನು ತಿದ್ದಿ ತನ್ನದನ್ನು ಮಾಡಿಕೊಳ್ಳುವನು. ಮೂಲವಿಮಾನವು ವಸ್ತುಸಂಗ್ರಹಾಲಯದಲ್ಲಿದ್ದರೆ ಇಂತಹ ಸಂಕರವನ್ನು ಯಾರಾದರೂ ಹೋಗಿ ನೋಡಿ ತಿದ್ದಬಹುದು. ಅದೇ ಇಲ್ಲದಿರುವಾಗ, ಪ್ರತಿಕೃತಿಯ ಚಿತ್ರವೇ ನಾಳೆ ಯಾರಿಗೋ ಪ್ರಮಾಣವಾಗಿ ಪರಿಣಮಿಸಬಹುದಷ್ಟೆ.

ಬರೆದ ಚಿತ್ರವು ಪ್ರಮಾಣವಾಗಿಬಿಡುವ ಅಪಾಯವನ್ನು ಸಂಸ್ಕೃತವನ್ನು ಓದಿದವರು ಚೆನ್ನಾಗಿ ಬಲ್ಲರು. 'ವೈಮಾನಿಕಶಾಸ್ತ್ರ'ವೆಂಬ ಗ್ರಂಥವು ಭರದ್ವಾಜಪ್ರೋಕ್ತವೆಂದು ಹೇಳಿಕೊಂಡು ಹಬ್ಬಿತು. ಅದರ ಚಿತ್ರಪಟಗಳನ್ನು ನೋಡಿ ನಂಬಿದವರು ಬಹುಮಂದಿ. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯ ವಿದ್ವಾಂಸರು ಆ ವಿಮಾನಗಳನ್ನು ಯಂತ್ರಶಾಸ್ತ್ರದ ರೀತಿಯಿಂದ ಪರೀಕ್ಷಿಸಿ ಅವು ಹಾರಲಾರವೆಂದೂ, ಗ್ರಂಥವು ೧೯೦೪ಕ್ಕಿಂತ ಹಳೆಯದಾಗಿರಲಾರದೆಂದೂ ನಿರ್ಣಯಿಸಿದರು. ಆ ನಿರ್ಣಯವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆದರೆ ವಿಪರ್ಯಯವನ್ನು ಗಮನಿಸಬೇಕು: ಹಾರಲಾರದೆಂದು ತೋರಿಸಿದರೆ ಗ್ರಂಥದ ಮಾತು ಸುಳ್ಳೆಂದು ಸಿದ್ಧವಾಗುವುದು, ಹಾರುವುದೆಂದು ತೋರಿಸಿದಮಾತ್ರಕ್ಕೆ ಪ್ರತಿಕೃತಿಯು ನಿಜವೆಂದು ಸಿದ್ಧವಾಗದು.

ಹಾಗಾದರೆ ಈ ಆಟದಿಂದ ಇತಿಹಾಸಕ್ಕೆ ಏನೂ ಪ್ರಯೋಜನವಿಲ್ಲವೆ? ಉಂಟು, ಪ್ರಶ್ನೆಗಳನ್ನು ಹುಟ್ಟಿಸುವುದರಲ್ಲಿ ಉಂಟು. ಎಡಬಲದ ಪ್ರೊಪೆಲರುಗಳು ಯಾವ ಕಡೆಗೆ ಸುತ್ತಬೇಕೆಂಬುದನ್ನು ನಕ್ಷೆಯು ಹೇಳುತ್ತಿರಲಿಲ್ಲ. ಹುಡುಗನು ಬಂದು ಕೇಳಿದನು. ಕಾಗದದ ಮೇಲೆ ಚರಿತ್ರೆಯನ್ನು ಓದುವ ನಮಗೆ ಆ ಪ್ರಶ್ನೆಯು ಹೊಳೆದೇ ಇರಲಿಲ್ಲ. ಹುಡುಕಲಾಗಿ ತಿಳಿದುಬಂದುದು ಸ್ವಾರಸ್ಯವಾಗಿದೆ. ಎರಡು ಪ್ರೊಪೆಲರುಗಳೂ ಒಂದೇ ಕಡೆಗೆ ಸುತ್ತಿದರೆ ವಿಮಾನವನ್ನು ಒಂದು ಪಕ್ಕಕ್ಕೆ ಎಳೆಯುವುವು. ಇದೇ ಸಂಸ್ಥೆಯ 'ಮಸ್ಕಿಟೊ'ದಲ್ಲಿ ಈ ತೊಂದರೆಯಿದ್ದಿತು. ಹಾರ್ನೆಟ್ಟಿನಲ್ಲಿ ಒಂದು ಕಡೆ ಮರ್ಲಿನ್ ೧೩೦, ಇನ್ನೊಂದು ಕಡೆ ಮರ್ಲಿನ್ ೧೩೧ ಎಂಬ ರೋಲ್ಸ್ ರಾಯ್ಸ್ ಎಂಜಿನುಗಳನ್ನು ಇಟ್ಟರು. ಎರಡರ ದಂಡಗಳೂ ಒಂದೇ ಕಡೆಗೆ ತಿರುಗುವುವು; ಎರಡನೆಯದರಲ್ಲಿ ಮಾತ್ರ ನಡುವೆ ಒಂದು ಹಲ್ಲುಚಕ್ರವನ್ನು ಹೆಚ್ಚಾಗಿ ಸೇರಿಸಿ ಪ್ರೊಪೆಲರಿನ ಸುತ್ತನ್ನು ವಿರುದ್ಧವಾಗಿಸಿದರು. ಪ್ರೊಪೆಲರುಗಳ ಮೇಲ್ತುದಿಗಳು ಹೊರಕ್ಕೆ ಸಾಗುವಂತೆಯೂ ಪ್ರಯೋಗಿಸಿ ನೋಡಿದರು. ಹಾಗೆ ಮಾಡಿದಾಗ ಕಡಿಮೆ ವೇಗದಲ್ಲಿ ಬಾಲದ ಲಂಬಫಲಕಕ್ಕೆ ಗಾಳಿಯು ಸರಿಯಾಗಿ ತಾಕದೆ ಚುಕ್ಕಾಣಿಯ ಹಿಡಿತವು ಕುಂದಿತು. ಆದುದರಿಂದ ಕೊನೆಗೆ ಒಳಮುಖವಾದ ಸುತ್ತನ್ನೇ ನಿಲ್ಲಿಸಿದರು. ಕಡಿಮೆ ವೇಗದಲ್ಲಿ ತೂಗಾಡುವ ಹಡಗಿನ ಮೇಲೆ ಇಳಿಯಬೇಕಾದವನಿಗೆ ಆ ಹಿಡಿತವು ಪ್ರಾಣದ ಪ್ರಶ್ನೆ.

ಆದರೆ ಇದೇ ಕಡೆಯಲ್ಲಿ ಆಟದ ಮಿತಿಯೂ ಕಾಣುವುದು. ಪ್ರೊಪೆಲರಿನಿಂದ ಹಿಂದಕ್ಕೆ ಬೀಸುವ ಗಾಳಿಯು ಬಾಲವನ್ನು ತಾಕುವ ಕ್ರಮವನ್ನು ಆಟದ ಗಣಿತವು ಒಳಗೊಂಡಿರದಿದ್ದರೆ, ಒಳಸುತ್ತೂ ಹೊರಸುತ್ತೂ ಅಲ್ಲಿ ಒಂದೇ ಆಗುವುವು. ಅದರ ಮೌನವನ್ನು ಸಾಕ್ಷ್ಯವೆಂದು ತಿಳಿಯಲಾಗದು. ದ್ರವ್ಯದ ವಿಷಯವೂ ಹಾಗೆಯೇ. ಹಾರ್ನೆಟ್ಟಿನ ಒಡಲು ಪ್ಲೈವುಡ್ಡಿನ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು ಮಾಡಿದುದು. ರೆಕ್ಕೆಯ ಮೇಲ್ಮೈಯು ಮರ, ಕೆಳಮೈಯು ಲೋಹ. ಮರವನ್ನೂ ಲೋಹವನ್ನೂ ಬೆಸೆದುದು ನಾರ್ಮನ್ ಡಿ ಬ್ರೂಯ್ನ್ ಎಂಬವನ ಸಂಸ್ಥೆಯು ಡಕ್ಸ್‌ಫರ್ಡಿನಲ್ಲಿ ಕಂಡುಹಿಡಿದ 'ರೀಡಕ್ಸ್' ಎಂಬ ಅಂಟು. ಆಟದ ತುಂಡುಗಳಿಗೆ ಬಣ್ಣವುಂಟು, ಭಾರವುಂಟು. ಮರದ ಎಳೆಯಿಲ್ಲ, ಅಂಟಿಲ್ಲ.

ಈಗ ಹುಡುಗನು ಒಂದಕ್ಕೆ ಬದಲಾಗಿ ಎರಡು ಪ್ರತಿಕೃತಿಗಳನ್ನು ಇರಿಸಿದ್ದಾನೆ: ಬಾಲಫಲಕವಿಲ್ಲದುದು ೧೯೪೫ರ ಏಪ್ರಿಲ್ ತಿಂಗಳಿನದು, ಫಲಕವುಳ್ಳುದು ಅನಂತರದ ಸೇವಾಕಾಲದ್ದು. ಎರಡರ ವಿವರಣೆಯಲ್ಲಿಯೂ ಮೂತಿಯೊಳಗೆ ತಾನು ತುಂಬಿದ ಭಾರವೆಷ್ಟು, ಅದರಲ್ಲಿ ಫಿರಂಗಿಗಳ ಲೆಕ್ಕವೆಷ್ಟು, ಉಳಿದುದು ತನ್ನ ಊಹೆಯೆಷ್ಟು ಎಂಬುದನ್ನು ಬರೆದಿದ್ದಾನೆ.