ಸುಂಕದವನ ಮುಂದೆ

2024ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ ಒಂದು ವಿಚಿತ್ರ ಪ್ರಶ್ನೆ ಬಂತು. ಹೊರದೇಶದಿಂದ ತರಿಸಿದ ಒಂದಷ್ಟು ‘ಬಾಡಿ ಮಸಾಜರ್’ಗಳನ್ನು ಕಸ್ಟಮ್ಸ್ ಇಲಾಖೆ ವಶಪಡಿಸಿಕೊಂಡಿತ್ತು. ಇವು ಮೈ ನೀವುವ ಯಂತ್ರಗಳೇ ಇರಬಹುದು, ಆದರೆ ಇವನ್ನು ಲೈಂಗಿಕ ಸುಖಕ್ಕೂ ಬಳಸಬಹುದು. ಆದ್ದರಿಂದ ಅಶ್ಲೀಲ ವಸ್ತುಗಳ ಆಮದನ್ನು ನಿಷೇಧಿಸುವ 1964ರ ಅಧಿಸೂಚನೆ ಇವಕ್ಕೂ ಅನ್ವಯಿಸುತ್ತದೆ ಎಂಬುದು ಇಲಾಖೆಯ ವಾದ. ಮೇಲ್ಮನವಿ ನ್ಯಾಯಮಂಡಳಿ ಅದನ್ನು ಒಪ್ಪಿರಲಿಲ್ಲ. ಹೈಕೋರ್ಟೂ ಒಪ್ಪಲಿಲ್ಲ. ಹೀಗೂ ಬಳಸಬಹುದು ಎಂಬುದು ಆಯುಕ್ತರ ಕಲ್ಪನೆ, ಅದರ ಆಧಾರದ ಮೇಲೆ ಸರಕನ್ನು ನಿಷಿದ್ಧ ಎನ್ನಲಾಗದು, ಇಂಥವು ದೇಶದ ಒಳಗೆ ರಾಜಾರೋಷವಾಗಿ ಮಾರಾಟವಾಗುತ್ತಿವೆ ಎಂಬುದು ತೀರ್ಪಿನ ಸಾರ.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ಇಷ್ಟು ಅಕ್ಷರಶಃ ನಡೆದದ್ದು ಅಪರೂಪ. ಆದರೆ ಗಮನಿಸಬೇಕಾದ ಸಂಗತಿ ಬೇರೆ. ಆ ಸರಕು ಬಿಡುಗಡೆಯಾದದ್ದು ಮಸಾಜರ್ ಎಂಬ ಹೆಸರಿನಲ್ಲಿ. ಲೈಂಗಿಕ ಸುಖದ ಸಾಧನವೊಂದನ್ನು ಅದರ ಹೆಸರಿನಲ್ಲೇ ತರಿಸಬಹುದೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಈ ವಸ್ತುಗಳ ಚರಿತ್ರೆಯ ಬಹುಭಾಗ ಇದೇ: ವಸ್ತು ಸದಾ ಇತ್ತು, ಹೆಸರು ಮಾತ್ರ ಬೇರೆ ಇತ್ತು.

ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ ಸಿಕ್ಕಿ, 2005ರಲ್ಲಿ ಪ್ರಕಟವಾದ ಒಂದು ಕಲ್ಲಿನ ಶಿಶ್ನಕ್ಕೆ ಸುಮಾರು 28,000 ವರ್ಷ ವಯಸ್ಸು. ಉದ್ದ ಸುಮಾರು 20 ಸೆಂಟಿಮೀಟರ್. ನುಣುಪಾಗಿ ಉಜ್ಜಿದ್ದಾರೆ. ಅದರ ಮೇಲೆ ಚಕಮಕಿ ಕಲ್ಲನ್ನು ಕೆತ್ತಿದ ಗುರುತುಗಳೂ ಇವೆ. ಪೂಜೆಗೋ, ಸುಖಕ್ಕೋ, ಕಲ್ಲು ಕುಟ್ಟುವುದಕ್ಕೋ? ವಸ್ತುವನ್ನು ನೋಡಿ ಉದ್ದೇಶ ಹೇಳುವ ಕಷ್ಟ ಪುರಾತತ್ತ್ವಜ್ಞರಿಗೂ ತಪ್ಪಿದ್ದಲ್ಲ.

ಬರಹ ಸಿಕ್ಕಲ್ಲಿ ಅನುಮಾನಕ್ಕೆ ಜಾಗ ಕಡಿಮೆ. ಕ್ರಿ.ಪೂ. 411ರಲ್ಲಿ ಅಥೆನ್ಸಿನಲ್ಲಿ ಆಡಿದ ಅರಿಸ್ಟೋಫನೀಸನ ‘ಲಿಸಿಸ್ಟ್ರಾಟಾ’ ನಾಟಕದಲ್ಲಿ ಹೆಂಗಸರ ದೂರೊಂದಿದೆ: ಮಿಲೀಟಸ್ ಪಟ್ಟಣ ಕೈಬಿಟ್ಟ ಮೇಲೆ ಅಲ್ಲಿಂದ ಬರುತ್ತಿದ್ದ ಎಂಟು ಬೆರಳಿನ ಚರ್ಮದ ಸಾಧನವೂ ಕಾಣಿಸುತ್ತಿಲ್ಲ. ಯುದ್ಧದಿಂದ ಗಂಡಂದಿರೂ ಇಲ್ಲ, ಸರಕೂ ಇಲ್ಲ. ಪ್ರೇಕ್ಷಕರು ನಕ್ಕಿರಬೇಕಾದರೆ ಆ ವ್ಯಾಪಾರ ಎಲ್ಲರಿಗೂ ಗೊತ್ತಿದ್ದದ್ದೇ.

ಅದಕ್ಕಿಂತ ಸೊಗಸಾದ ದಾಖಲೆ ಕ್ರಿ.ಪೂ. ಮೂರನೆಯ ಶತಮಾನದ ಹೆರೋಡಾಸ್ ಕವಿಯದು. ಅವನ ಕಿರುಪ್ರಹಸನಗಳ ಪಪೈರಸ್ ಸುರುಳಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿ, 1891ರಲ್ಲಿ ಅಚ್ಚಾಯಿತು. ಆರನೆಯದರಲ್ಲಿ ಕೊರಿಟ್ಟೋ, ಮೆಟ್ರೋ ಎಂಬ ಇಬ್ಬರು ಗೆಳತಿಯರ ಮಾತುಕತೆ. ಕೊರಿಟ್ಟೋಳ ಕೆಂಪು ಚರ್ಮದ ಸಾಧನ ಅವಳ ಬಳಕೆಗೂ ಮೊದಲೇ ಕೈಯಿಂದ ಕೈಗೆ ಹೋಗಿಬಿಟ್ಟಿದೆ. ಅದನ್ನು ಬೇರೊಬ್ಬಳ ಬಳಿ ಕಂಡ ಮೆಟ್ರೋ, ಹೊಲಿದವರು ಯಾರು ಎಂದು ಕೇಳಲು ಬಂದಿದ್ದಾಳೆ. ಹೊಲಿದವನು ಕೆರ್ಡೋನ್ ಎಂಬ ಚಮ್ಮಾರ. ಮುಂದಿನ ಪ್ರಹಸನದಲ್ಲಿ ಅವನ ಅಂಗಡಿಯಲ್ಲಿ ಕಾಣುವುದೆಲ್ಲ ಪಾದರಕ್ಷೆ. ಇಂಥ ಮಾಲನ್ನು ಅವನು ಮನೆಯಲ್ಲೇ ಗುಟ್ಟಾಗಿ ಮಾರುತ್ತಾನೆ. ಕಾರಣ ನಾಚಿಕೆಯಲ್ಲ, ತೆರಿಗೆಯವರ ಭಯ. ಸುಂಕದವನು ಆಗಲೂ ಬಾಗಿಲಲ್ಲೇ ಇದ್ದ.

ಭಾರತದಲ್ಲಿ ಇದಕ್ಕೆ ಹೆಸರೂ ಇತ್ತು, ಶಾಸ್ತ್ರವೂ ಇತ್ತು. ವಾತ್ಸ್ಯಾಯನನ ಕಾಮಸೂತ್ರದ ಏಳನೆಯ ಅಧಿಕರಣದಲ್ಲಿ ಬರುವ ಪದ ‘ಅಪದ್ರವ್ಯ’. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ಆನೆದಂತ, ಕೊಂಬು ಎಂದು ಸಾಮಗ್ರಿಗಳ ಪಟ್ಟಿ ಸಾಗುತ್ತದೆ. ತವರ, ಸೀಸದವು ಮೆತ್ತಗೆ, ತಂಪು ಎಂಬುದು ಬಾಭ್ರವ್ಯನ ಪಂಥದವರ ಮತ. ವಾತ್ಸ್ಯಾಯನ ತನ್ನ ಮಾತನ್ನು ಕೊನೆಗೆ ಸೇರಿಸುತ್ತಾನೆ: ಮರದ್ದೂ ಆದೀತು, ಅವರವರಿಗೆ ಹೊಂದುವುದನ್ನು ನೋಡಿಕೊಂಡು. ಅಂತಃಪುರದ ಹೆಂಗಸರು ಗಡ್ಡೆ, ಬೇರು, ಹಣ್ಣುಗಳನ್ನು ಬಳಸುವ ಪ್ರಸ್ತಾಪ ಐದನೆಯ ಅಧಿಕರಣದಲ್ಲಿದೆ. ಸೀಸ ವಿಷವೆಂದು ಇಂದು ಗೊತ್ತು, ಆ ಸಲಹೆಯನ್ನು ಯಾರೂ ಪಾಲಿಸಬಾರದು. ಆದರೆ ಯಾವ ಸಾಮಗ್ರಿ, ಯಾರಿಗೆ ಎಂಬ ಪ್ರಶ್ನೆಯನ್ನು ಮುಖ ಮುಚ್ಚಿಕೊಳ್ಳದೆ ಕೇಳುವ ಪರಿಪಾಠ ಇಲ್ಲಿ ಇತ್ತು. ಕನ್ನಡಕ್ಕೂ ಈ ಶಾಸ್ತ್ರ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲೇ ಚಂದ್ರರಾಜ ‘ಮದನತಿಲಕ’ ಬರೆದ. ಹದಿನೈದನೆಯ ಶತಮಾನದಲ್ಲಿ ಕಲ್ಲರಸ ‘ಜನವಶ್ಯ’ ಬರೆದ.

ವಿದ್ಯುತ್ತು ಬಂದ ಮೇಲಿನ ಕತೆ ಹೆಚ್ಚು ಜನಕ್ಕೆ ಗೊತ್ತು. ತೊಂದರೆಯೆಂದರೆ, ಜನಕ್ಕೆ ಗೊತ್ತಿರುವುದು ತಪ್ಪು ಕತೆ. ವಿಕ್ಟೋರಿಯನ್ ಕಾಲದ ವೈದ್ಯರು ‘ಹಿಸ್ಟೀರಿಯಾ’ ಎಂದು ಬಂದ ಹೆಂಗಸರಿಗೆ ಕೈಯಿಂದ ಸುಖ ಕೊಟ್ಟು ಚಿಕಿತ್ಸೆ ಮಾಡುತ್ತಿದ್ದರು, ಕೈ ಸೋತು ವೈಬ್ರೇಟರ್ ಕಂಡುಹಿಡಿದರು ಎಂಬುದು ಆ ಕತೆ. ಅದನ್ನು ಜಗತ್ತಿಗೆ ಹರಡಿದ್ದು ರೇಚಲ್ ಮೇನ್ಸ್ 1999ರಲ್ಲಿ ಪ್ರಕಟಿಸಿದ ‘ದ ಟೆಕ್ನಾಲಜಿ ಆಫ್ ಆರ್ಗ್ಯಾಸಮ್’ ಪುಸ್ತಕ. ಅದೇ ಕತೆ 2009ರಲ್ಲಿ ನಾಟಕವಾಯಿತು, 2011ರಲ್ಲಿ ‘ಹಿಸ್ಟೀರಿಯಾ’ ಎಂಬ ಸಿನಿಮಾ ಆಯಿತು. 2018ರಲ್ಲಿ ಹ್ಯಾಲಿ ಲೀಬರ್‌ಮನ್ ಮತ್ತು ಎರಿಕ್ ಶಾಟ್ಸ್‌ಬರ್ಗ್ ಆ ಪುಸ್ತಕ ಉಲ್ಲೇಖಿಸುವ ಮೂಲಗಳನ್ನೇ ಒಂದೊಂದಾಗಿ ತೆಗೆದು ನೋಡಿದರು. ವೈದ್ಯರು ವೈಬ್ರೇಟರನ್ನು ಹಾಗೆ ಬಳಸಿದರು ಎನ್ನುವುದಕ್ಕೆ ಅವುಗಳಲ್ಲಿ ಆಧಾರ ಸಿಗಲಿಲ್ಲ. ತಾನು ಮುಂದಿಟ್ಟದ್ದು ಒಂದು ಊಹೆ ಮಾತ್ರ ಎಂದು ಮೇನ್ಸ್ ಹೇಳಿಕೊಂಡರು.

ಇದ್ದದ್ದು ಇಷ್ಟು. 1880ರ ದಶಕದಲ್ಲಿ ಲಂಡನ್ನಿನ ವೈದ್ಯ ಜೋಸೆಫ್ ಮಾರ್ಟಿಮರ್ ಗ್ರ್ಯಾನ್‌ವಿಲ್ ನರದೌರ್ಬಲ್ಯ, ನೋವುಗಳಿಗಾಗಿ ವಿದ್ಯುತ್ತಿನಿಂದ ಬಡಿಯುವ ಉಪಕರಣ ತಯಾರಿಸಿದ. ಹಿಸ್ಟೀರಿಯಾ ರೋಗಿಗಳ ಮೇಲೆ ಅದರ ಪ್ರಯೋಗವನ್ನು ತಾನು ಬೇಕೆಂದೇ ದೂರವಿಟ್ಟಿದ್ದೇನೆ ಎಂದು 1883ರ ತನ್ನ ಪುಸ್ತಕದಲ್ಲಿ ಅವನೇ ಬರೆದಿದ್ದಾನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಂಪನಿಗಳು ವೈಬ್ರೇಟರನ್ನು ಮನೆಬಳಕೆಯ ಯಂತ್ರವಾಗಿ ಮಾರಿದವು: ತಲೆನೋವು, ಬೆನ್ನುನೋವು, ಮುಖದ ಸುಕ್ಕು, ಎಲ್ಲಕ್ಕೂ ಒಂದೇ ಮದ್ದು. 1918ರ ಸಿಯರ್ಸ್ ಕ್ಯಾಟಲಾಗಿನಲ್ಲಿ ಒಂದೇ ವಿದ್ಯುತ್ ಮೋಟಾರಿಗೆ ಜೋಡಿಸಬಹುದಾದ ಫ್ಯಾನು, ಮಿಕ್ಸರುಗಳ ಜೊತೆ ವೈಬ್ರೇಟರಿನ ಜೋಡಣೆಯೂ ಇತ್ತು. ಅಶ್ಲೀಲ ವಸ್ತುಗಳನ್ನು ಅಂಚೆಯಲ್ಲಿ ಕಳಿಸುವುದನ್ನು ಅಪರಾಧವಾಗಿಸಿದ 1873ರ ಕಾಮ್‌ಸ್ಟಾಕ್ ಕಾಯ್ದೆಯ ನಾಡಿನಲ್ಲಿ ಬೇರೆ ಯಾವ ಹೆಸರಿನಲ್ಲೂ ಅದನ್ನು ಮಾರುವಂತಿರಲಿಲ್ಲ. ಕೊಂಡವರು ಅದರಿಂದ ಏನು ಮಾಡಿದರು ಎಂಬುದು ಕ್ಯಾಟಲಾಗಿನಲ್ಲಿ ಬರುವ ವಿಷಯವಲ್ಲ.

ತಪ್ಪು ಕತೆ ಯಾಕೆ ಇಷ್ಟು ಬೇಗ ಹಿಡಿಸಿತು? ಅದರಲ್ಲಿ ತಮಾಷೆ ಇದೆ, ವಿಕ್ಟೋರಿಯನ್ನರ ಪೆದ್ದುತನವಿದೆ. ಜೊತೆಗೆ ಅದು ಹೆಣ್ಣಿನ ಸುಖವನ್ನು ಮತ್ತೆ ವೈದ್ಯನ ಕೈಗೇ ಕೊಡುತ್ತದೆ. ಅವಳಿಗೆ ಏನಾಗುತ್ತಿದೆ ಎಂದು ಅವಳಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಕೊರಿಟ್ಟೋ, ಮೆಟ್ರೋ ಇಬ್ಬರಿಗೆ ಎಲ್ಲವೂ ಗೊತ್ತಿತ್ತು. ಅವರು ಚಮ್ಮಾರನ ವಿಳಾಸ ಕೇಳುತ್ತಿದ್ದರು.

ಆ ವಿಳಾಸ ಮತ್ತೆ ಬಹಿರಂಗವಾದದ್ದು 1970ರ ದಶಕದಲ್ಲಿ. ಬೆಟ್ಟಿ ಡಾಡ್ಸನ್ ನ್ಯೂಯಾರ್ಕಿನಲ್ಲಿ ನಡೆಸುತ್ತಿದ್ದ ಹೆಂಗಸರ ಕಮ್ಮಟಕ್ಕೆ ಹೋಗಿಬಂದ ಡೆಲ್ ವಿಲಿಯಮ್ಸ್ ಎಂಬಾಕೆ ಒಂದು ದೊಡ್ಡ ಮಳಿಗೆಯಲ್ಲಿ ಹಿಟಾಚಿ ಮಸಾಜರ್ ಕೇಳಿದರು. ಕೌಂಟರಿನ ಹುಡುಗ, ಇದು ನಿಮಗೆ ಯಾತಕ್ಕೆ ಎಂದು ಗಟ್ಟಿಯಾಗಿ ಕೇಳಿದ. ಆ ಅವಮಾನವನ್ನು ಆಕೆ ಮರೆಯಲಿಲ್ಲ. 1974ರಲ್ಲಿ ಹೆಂಗಸರು ಹೆಂಗಸರಿಂದಲೇ ಕೊಳ್ಳಬಹುದಾದ ‘ಈವ್ಸ್ ಗಾರ್ಡನ್’ ಆರಂಭಿಸಿದರು. 1977ರಲ್ಲಿ ಜೋನಿ ಬ್ಲ್ಯಾಂಕ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಗುಡ್ ವೈಬ್ರೇಷನ್ಸ್’ ತೆರೆದರು.

ಅದೇ ಕಾಲದ ಇನ್ನೊಂದು ಹೆಸರು ಗಾಸ್ನೆಲ್ ಡಂಕನ್. ಗ್ರೆನಾಡಾ ದ್ವೀಪದಿಂದ ಅಮೆರಿಕಕ್ಕೆ ಬಂದ ಅವರಿಗೆ 1965ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಅಂಗವಿಕಲರ ದಾಂಪತ್ಯದ ಬಗ್ಗೆ ವೈದ್ಯರು ಮಾತೇ ಆಡದಿದ್ದ ದಿನಗಳವು. ಮಾರುಕಟ್ಟೆಯಲ್ಲಿದ್ದ ರಬ್ಬರಿನ ಸಾಧನಗಳು ವಾಸನೆ ಹೊಡೆಯುತ್ತಿದ್ದವು, ತೊಳೆದರೆ ಸ್ವಚ್ಛವಾಗುತ್ತಿರಲಿಲ್ಲ. ಡಂಕನ್ ತನ್ನ ಮನೆಯ ನೆಲಮಾಳಿಗೆಯಲ್ಲಿ ಸಿಲಿಕೋನ್ ಅಚ್ಚುಗಳನ್ನು ಮಾಡಿ ನೋಡಿದರು. ಡೆಲ್ ವಿಲಿಯಮ್ಸ್ ಅವನ್ನು ತಮ್ಮ ಅಂಗಡಿಗೆ ತಂದರು. ಇಂದು ಒಳ್ಳೆಯ ಸಾಧನವೆಂದರೆ ಸಿಲಿಕೋನ್ ಎನ್ನುವ ಮಾತಿನ ಹಿಂದೆ ಗಾಲಿಕುರ್ಚಿಯಲ್ಲಿದ್ದ ಒಬ್ಬ ಮನುಷ್ಯನ ಅಗತ್ಯವಿದೆ.

ಹೆಸರು ಮರೆಸುವ ಆಟ ಮಾತ್ರ ನಿಲ್ಲಲಿಲ್ಲ. ಜಪಾನಿನ ತಯಾರಕರು ಅಶ್ಲೀಲತೆಯ ಕಾನೂನಿಗೆ ಹೆದರಿ ಮೊಲ, ಆಮೆಗಳ ಆಕಾರ ಕೊಟ್ಟರು. ‘ರ‍್ಯಾಬಿಟ್’ ಎಂಬ ಹೆಸರು ಬಂದದ್ದು ಹಾಗೆ. ಟೆಕ್ಸಸ್ ರಾಜ್ಯದ ಕಾನೂನಿನಲ್ಲಿ ಇಂಥ ಆರು ಸಾಧನ ಇಟ್ಟುಕೊಂಡವರು ಮಾರಾಟಕ್ಕೇ ಇಟ್ಟಿದ್ದಾರೆ ಎಂದು ಭಾವಿಸಲಾಗುತ್ತಿತ್ತು. ಅಲ್ಲಿನ ಮಾರಾಟ ನಿಷೇಧವನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ 2008ರಲ್ಲಿ ತಳ್ಳಿಹಾಕಿತು. ಅಮೆರಿಕದಲ್ಲಿ ಡಬ್ಬಿಯ ಮೇಲೆ ‘ಬರೀ ತಮಾಷೆಗೆ’ ಎಂಬರ್ಥದ ಚೀಟಿ ಅಂಟಿಸುವ ರೂಢಿ ಬೆಳೆಯಿತು. ಈ ಚೀಟಿಯ ಬೆಲೆ ತೆತ್ತವರು ಗ್ರಾಹಕರು. ಮೈಯೊಳಗೆ ಹೋಗುವ ವಸ್ತು ತಮಾಷೆಯದು ಎಂದಾದರೆ ಅದರಲ್ಲಿ ಏನು ಬೆರೆಸಿದ್ದಾರೆ ಎಂದು ಕೇಳುವವರಿಲ್ಲ. ಮಕ್ಕಳ ಪ್ಲಾಸ್ಟಿಕ್ ಆಟಿಕೆಗಳಲ್ಲಿ ಥಾಲೇಟ್ ಎಂಬ ಮೆದುಕಾರಕ ಶೇ. 0.1 ಮೀರಬಾರದೆಂದು ಐರೋಪ್ಯ ಒಕ್ಕೂಟ 2005ರಲ್ಲೇ ನಿಯಮ ಮಾಡಿತು. ದೊಡ್ಡವರ ಆಟಿಕೆಗೆಂದೇ ಅಂತರರಾಷ್ಟ್ರೀಯ ಮಾನದಂಡ, ಐಎಸ್‌ಒ 3533, ಬಂದದ್ದು 2021ರಲ್ಲಿ.

ಭಾರತದಲ್ಲಿ ಈ ಸಾಧನಗಳ ಹೆಸರೆತ್ತಿ ನಿಷೇಧಿಸುವ ಕಾನೂನಿಲ್ಲ. ದಂಡ ಸಂಹಿತೆಯ 292ನೆಯ ಕಲಮಿನಲ್ಲಿದ್ದ ‘ಅಶ್ಲೀಲ ವಸ್ತು’ವಿನ ಮಾರಾಟದ ಅಪರಾಧ, 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 294ನೆಯ ಕಲಮಾಗಿ ಮುಂದುವರಿದಿದೆ. ಹೀಗಾಗಿ ಜಾಲತಾಣಗಳಲ್ಲಿ ಸಾಮಾನು ಧಾರಾಳವಾಗಿದೆ, ವಿವರಣೆ ‘ಮಸಾಜರ್’ ಎಂದೇ ಇದೆ. ಯಾವುದನ್ನು ಎಲ್ಲಿ ಬಳಸಬೇಕು, ಯಾವುದನ್ನು ಬಳಸಬಾರದು ಎಂದು ಹೇಳುವ ಜವಾಬ್ದಾರಿ ಮಾರುವವರಿಗಿಲ್ಲ. ಕೇಳಲು ಕೊಳ್ಳುವವರಿಗೆ ಬಾಯಿ ಬರುವುದಿಲ್ಲ.

ಹೇಳಬೇಕಾದದ್ದು ಬಹಳವಿಲ್ಲ. ಮೈಯ ಹೊರಗೆ ಬಳಸುವ ಕಂಪನದವು, ಒಳಗೆ ಬಳಸುವವು, ಗಾಳಿಯ ಒತ್ತಡದವು, ಗಂಡಸರಿಗಾಗಿ ಉಂಗುರ ಮತ್ತು ಕವಚದಂಥವು ಎಂದು ವಿಧ ಹಲವು. ಮೊದಲ ಸಲಕ್ಕೆ ಚಿಕ್ಕದು, ಸರಳವಾದದ್ದು ಸಾಕು. ಸಿಲಿಕೋನ್, ಸ್ಟೀಲು, ಗಟ್ಟಿ ಗಾಜು ರಂಧ್ರಗಳಿಲ್ಲದ ಸಾಮಗ್ರಿಗಳು, ಸೋಪು ನೀರಿನಲ್ಲಿ ಶುದ್ಧವಾಗುತ್ತವೆ. ‘ಜೆಲ್ಲಿ’ ಎಂದು ಮಾರುವ ಮೆದು ಪಿವಿಸಿಯಲ್ಲಿ ಕೊಳೆ ಉಳಿಯುತ್ತದೆ. ಪ್ಲಾಸ್ಟಿಕ್ಕಿನ ಕಟುವಾಸನೆ ಬಂದರೆ ಬೇಡ. ಸಿಲಿಕೋನಿನ ಜೊತೆ ನೀರಿನಂಶದ ಜಾರುಜೆಲ್ ಬಳಸಬೇಕು, ಸಿಲಿಕೋನ್ ಜೆಲ್ ಅದನ್ನು ಕೆಡಿಸಬಹುದು. ಗುದದಲ್ಲಿ ಬಳಸುವುದಕ್ಕೆ ಅಗಲವಾದ ಬುಡ ಇರಲೇಬೇಕು, ಇಲ್ಲದಿದ್ದರೆ ಒಳಗೇ ಸಿಕ್ಕಿಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತದೆ. ಇಬ್ಬರು ಹಂಚಿಕೊಳ್ಳುವುದಾದರೆ ಪ್ರತಿಸಲ ಹೊಸ ಕಾಂಡೋಮು. ಕೂಡುವಾಗ ಯೋನಿಯ ಸ್ನಾಯುಗಳು ಬಿಗಿದು ನೋಯುವವರಿಗೆ ಸ್ತ್ರೀರೋಗ ತಜ್ಞರು ಸೂಚಿಸುವ ಡೈಲೇಟರುಗಳು ಬೇರೆಯೇ ಇವೆ. ನೋವಿದ್ದರೆ ಮೊದಲು ಹೋಗಬೇಕಾದದ್ದು ಅವರ ಬಳಿಗೆ, ಜಾಲತಾಣಕ್ಕಲ್ಲ.

ಇವುಗಳಲ್ಲಿ ಒಂದನ್ನೂ ‘ಬಾಡಿ ಮಸಾಜರ್’ ಎಂಬ ಚೀಟಿಯ ಮೇಲೆ ಬರೆಯಲಾಗದು. ಹೋದ ಶತಮಾನಗಳಲ್ಲಿ ಈ ಮಾತುಗಳನ್ನು ಗೆಳತಿಗೆ ಗೆಳತಿ ಹೇಳುತ್ತಿದ್ದಳು, ಶಾಸ್ತ್ರಕಾರ ಓದುಗನಿಗೆ ಹೇಳುತ್ತಿದ್ದ. ‘ಅಪದ್ರವ್ಯ’ ಎಂಬ ಪದ ಮತ್ತೆ ಚಾಲ್ತಿಗೆ ಬರಬೇಕೆಂದೇನೂ ಇಲ್ಲ. ಕೊಳ್ಳುವವರು ನಾಚದೆ ಕೇಳಬಹುದಾದ, ಮಾರುವವರು ಅಂಜದೆ ಡಬ್ಬಿಯ ಮೇಲೆ ಅಚ್ಚು ಹಾಕಬಹುದಾದ ಯಾವುದೋ ಒಂದು ಪದ ಬಂದರೆ ಸಾಕು. ಒಳಗೆ ಏನಿದೆ, ಹೇಗೆ ತೊಳೆಯಬೇಕು ಎಂಬ ನಾಲ್ಕು ಸಾಲು ಅದರ ಕೆಳಗೆ ತಾನಾಗಿ ಬರುತ್ತದೆ.