ಮನೆತನದ ಚರಿತ್ರೆಯ ದಾಖಲೆಗಳು: ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಒಂದು ಮನೆತನದ ಹಳೆಯ ತಲೆಮಾರುಗಳನ್ನು ಗುರುತಿಸಲು ಸಿಗುವ ಲಿಖಿತ ಆಧಾರಗಳಲ್ಲಿ ಮೊದಲ ಸ್ಥಾನ ಜಾಗದ ಕಾಗದಪತ್ರಗಳದು. ವರ್ಗದ ಲೆಕ್ಕ, ಮೂಲಗೇಣಿ (ಕಾಯಂ ಗೇಣಿ) ಮತ್ತು ಚಾಲಗೇಣಿ (ವರ್ಷದಿಂದ ವರ್ಷಕ್ಕೆ ಸಾಗುವ ಗೇಣಿ) ಚೀಟು, ಸರ್ವೆ ಸೆಟ್ಲ್‌ಮೆಂಟ್ ರಿಜಿಸ್ಟರ್, ಪಾಲುಪಟ್ಟಿ, ಕೋರ್ಟಿನ ಕಡತ, ಭೂನ್ಯಾಯಮಂಡಳಿಗೆ ಕೊಟ್ಟ ಡಿಕ್ಲರೇಷನ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಸೇನೆಯ ದಾಖಲೆ, ಶಾಲೆ ಮತ್ತು ಇಗರ್ಜಿಗಳ ಪುಸ್ತಕಗಳು ಇವುಗಳ ಬೆನ್ನಿಗೆ ಬರುತ್ತವೆ. ಬರಹಕ್ಕೆ ಸಿಗದೆ ಹೋದ ಭಾಗವನ್ನು ಬಳಿ (ತಾಯಿಯ ಕಡೆಯ ಕುಲ), ಮೂಲನಾಗನ ಬನ ಮತ್ತು ಸೂತಕದ ವಾಡಿಕೆ ತಕ್ಕಮಟ್ಟಿಗೆ ತುಂಬಿಕೊಡುತ್ತವೆ.

ಹೋಲಿಕೆಗೆ ಹೇಳುವುದಾದರೆ, ಇಂಗ್ಲೆಂಡಿನಲ್ಲಿ ಮನೆತನದ ಚರಿತ್ರೆ ಹುಡುಕುವವರು ಜನಗಣತಿಯಿಂದ ಶುರುಮಾಡುತ್ತಾರೆ. ಅಲ್ಲಿ 1801ರಿಂದ ಗಣತಿ ನಡೆದಿದ್ದರೂ ಮನೆಯ ಪ್ರತಿಯೊಬ್ಬರ ಹೆಸರನ್ನು ಬರೆದು ಉಳಿಸಿಕೊಂಡದ್ದು 1841ರಿಂದ. 100 ವರ್ಷ ಮುಚ್ಚಿಟ್ಟು ಆಮೇಲೆ ಸಾರ್ವಜನಿಕರಿಗೆ ತೆರೆಯುವುದು ಅಲ್ಲಿನ ಕ್ರಮ. 1921ರ ಗಣತಿಯ ಹಾಳೆಗಳು 2022ರಲ್ಲಿ ಹೊರಬಂದವು. ಮೊದಲ ಮಹಾಯುದ್ಧದ ಸೈನಿಕರ ಸೇವಾ ದಾಖಲೆಗಳು ಇನ್ನೊಂದು ದಾರಿ. ಆದರೆ 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು.

ಭಾರತದಲ್ಲಿ ಜನಗಣತಿಯ ದಾರಿಗೆ ಬಾಗಿಲೇ ಇಲ್ಲ. ಮದರಾಸು ಪ್ರಾಂತದಲ್ಲಿ 1871ರಲ್ಲಿ ಗಣತಿ ನಡೆಯಿತು. 1881ರಿಂದ ಇಡೀ ದೇಶದಲ್ಲಿ ಹತ್ತು ವರ್ಷಕ್ಕೊಮ್ಮೆ ಏಕಕಾಲಕ್ಕೆ ಎಣಿಕೆ ನಡೆಯುತ್ತ ಬಂತು. ಮನೆಮನೆಯ ಹಾಳೆಗಳಿಂದ ಅಂಕಿಅಂಶ ತೆಗೆದ ಮೇಲೆ ಹಾಳೆಗಳನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಸ್ವಾತಂತ್ರ್ಯಾನಂತರ 1948ರ ಜನಗಣತಿ ಕಾಯಿದೆ ವ್ಯಕ್ತಿಗತ ನಮೂದುಗಳನ್ನು ಯಾರೂ ನೋಡುವಂತಿಲ್ಲ, ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ವಿಧಿಸಿತು. ಹಾಗಾಗಿ ಹಳೆಯ ಗಣತಿ ವರದಿಗಳಲ್ಲಿ ತಾಲ್ಲೂಕಿನ ಜನಸಂಖ್ಯೆ, ಜಾತಿ, ಕಸುಬು ಸಿಗುತ್ತವೆಯೇ ಹೊರತು ಅಜ್ಜಿಯ ಹೆಸರು ಸಿಗುವುದಿಲ್ಲ. 1931ರ ವರದಿಯ ಜಾತಿವಾರು ಪಟ್ಟಿ ಮತ್ತು 1951ರಿಂದ ಬಂದ ಜಿಲ್ಲಾ ಜನಗಣತಿ ಕೈಪಿಡಿಗಳು ಊರಿನ ಹಿನ್ನೆಲೆ ತಿಳಿಯಲು ಉಪಯುಕ್ತ, ಅಷ್ಟೇ.

ಹುಡುಕುವವರಿಗೆ ಮೊದಲು ಗೊತ್ತಿರಬೇಕಾದದ್ದು ಊರು ಯಾವ ಕಾಲದಲ್ಲಿ ಯಾವ ಆಡಳಿತಕ್ಕೆ ಸೇರಿತ್ತು ಎಂಬುದು. ಬೈಂದೂರಿನ ಮಗ್ಗುಲಲ್ಲಿರುವ ಯಡ್ತರೆಯನ್ನೇ ತೆಗೆದುಕೊಳ್ಳಬಹುದು. 1763ರವರೆಗೆ ಈ ಕರಾವಳಿ ಕೆಳದಿಯ ಅರಸರದು, ಆಮೇಲೆ ಹೈದರ್ ಮತ್ತು ಟಿಪ್ಪುವಿನದು. 1799ರಲ್ಲಿ ಕಂಪನಿ ಸರಕಾರದ ಕೆನರಾ ಜಿಲ್ಲೆಯಾಯಿತು. 1860ರ ಸುಮಾರಿಗೆ ಕೆನರಾ ಎರಡಾದಾಗ ಕುಂದಾಪುರ ತಾಲ್ಲೂಕು ಉತ್ತರ ಕೆನರಾಕ್ಕೆ ಹೋಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿದಾಗ ಕುಂದಾಪುರವನ್ನು ಮಾತ್ರ ಮದರಾಸಿನಲ್ಲೇ ಉಳಿಸಿಕೊಂಡು ದಕ್ಷಿಣ ಕನ್ನಡಕ್ಕೆ ಸೇರಿಸಲಾಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯ, 1997ರಲ್ಲಿ ಉಡುಪಿ ಜಿಲ್ಲೆ, 2018ರಲ್ಲಿ ಬೈಂದೂರು ತಾಲ್ಲೂಕು. ಮನೆ ಕದಲಲಿಲ್ಲ, ಕಡತಗಳು ಮಾತ್ರ ಕಚೇರಿಯಿಂದ ಕಚೇರಿಗೆ ಹೋದವು. ಇದರಿಂದಾಗಿ ಯಡ್ತರೆಯ ಒಂದು ಕುಟುಂಬದ ಕಾಗದಗಳು ಬೈಂದೂರು, ಕುಂದಾಪುರ, ಉಡುಪಿ, ಮಂಗಳೂರಿನ ಕಚೇರಿಗಳಲ್ಲಿ ಹರಡಿಕೊಂಡಿರಬಹುದು. ಮದರಾಸು ಸರಕಾರದ ಕಾಲದ ಜಿಲ್ಲಾಡಳಿತದ ದಾಖಲೆಗಳನ್ನು ನೋಡಲು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೂ ಹೋಗಬೇಕಾಗುತ್ತದೆ.

ಬಾರಕೂರು, ಬಸರೂರು, ಬೈಂದೂರಿನ ಶಾಸನಗಳಲ್ಲಿ ಅರಸರು, ಅಧಿಕಾರಿಗಳು, ದೇವಸ್ಥಾನಗಳು, ವರ್ತಕ ಸಂಘಗಳ ಹೆಸರುಗಳಿವೆ. ಅವುಗಳಿಂದ ಇಂದಿನ ಮನೆಯೊಂದಕ್ಕೆ ನೇರ ಸಂಬಂಧ ಕಟ್ಟುವುದು ಬಹುಮಟ್ಟಿಗೆ ಊಹೆಯೇ. ಗಟ್ಟಿ ನೆಲ ಸಿಗುವುದು ವರ್ಗದ ಲೆಕ್ಕದಿಂದ. ವರ್ಗ ಎಂದರೆ ಒಬ್ಬನ ಹೆಸರಿನಲ್ಲಿ ಲೆಕ್ಕಕ್ಕೆ ಹಿಡಿದ ಜಮೀನಿನ ಒಟ್ಟು ಗುಂಪು. ಅದರ ಗದ್ದೆಗಳು ಒಂದೇ ಕಡೆ ಇರಬೇಕೆಂದಿಲ್ಲ. 17ನೇ ಶತಮಾನದ ಕೆಳದಿ ಶಿಸ್ತಿನ (ಕಂದಾಯ ನಿಗದಿಯ) ಮೇಲೆ ಈ ಲೆಕ್ಕ ನಿಂತಿತ್ತು. ಶ್ಯಾನುಭೋಗರು ಅದನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದ ಕರಿ ಪುಸ್ತಕಗಳವು. ಬರೆದದ್ದನ್ನು ಒರೆಸಿ ತಿದ್ದಬಹುದಾಗಿತ್ತು. ಚರಿತ್ರೆಕಾರರ ದೃಷ್ಟಿಯಿಂದ ಅದು ದೊಡ್ಡ ನಷ್ಟ. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ 1800ರಲ್ಲಿ ಕಂದಾಯ ಮಂಡಳಿಗೆ ಬರೆದ ವರದಿಗಳಲ್ಲಿ ಇಲ್ಲಿ ಜಮೀನು ಖಾಸಗಿ ಸ್ವತ್ತೆಂಬುದನ್ನು ಒಪ್ಪಿಕೊಂಡ. ಜಮೀನು ತಮ್ಮದೇ ಸ್ವತ್ತೆಂಬ ನಂಬಿಕೆಯಿಂದ ಇಲ್ಲಿನ ಮನೆಗಳಲ್ಲಿ ಹಳೆಯ ಚೀಟುಗಳನ್ನು ಜೋಪಾನ ಮಾಡುವ ರೂಢಿ ಬಲವಾಗಿ ಉಳಿಯಿತು.

19ನೇ ಶತಮಾನದ ಕೊನೆಯಲ್ಲಿ ಶುರುವಾಗಿ 20ನೆಯದರ ಮೊದಲ ವರ್ಷಗಳಲ್ಲಿ ಮುಗಿದ ಸರ್ವೆ ಸೆಟ್ಲ್‌ಮೆಂಟ್ ಪ್ರತಿಯೊಂದು ತುಂಡಿಗೂ ನಂಬರು ಕೊಟ್ಟಿತು. ಜಮೀನಿನ ಲೆಕ್ಕದ ಪುಸ್ತಕವಾದ ಅಡಂಗಲಿನಲ್ಲಿ ಬೈಲು, ಮಜಲು, ಬೆಟ್ಟು ಎಂಬ ವಿಂಗಡಣೆಯ ಜೊತೆಗೆ ಪಟ್ಟಾದಾರನ ಹೆಸರು ಬಂತು. ಈ ಹೆಸರನ್ನು ಎಚ್ಚರದಿಂದ ನೋಡಬೇಕು. ಸತ್ತ ಯಜಮಾನನ ಹೆಸರಿನಲ್ಲೇ ದಶಕಗಟ್ಟಲೆ ಕಂದಾಯ ಕಟ್ಟಿಕೊಂಡು ಬರುವುದು ಊರೂರಿನ ವಾಡಿಕೆ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ವರ್ಷ ಆ ಮನುಷ್ಯ ಬದುಕಿದ್ದ ಎನ್ನಲಾಗದು.

ಇದಕ್ಕಿಂತ ಹೆಚ್ಚು ಮಾತಾಡುವುದು ಹಳೆಯ ಚೀಟು. ಶಾಲಿವಾಹನ ಶಕೆ, ಸಂವತ್ಸರ, ತಿಂಗಳು, ತಿಥಿಯಿಂದ ಅದು ಶುರುವಾಗುತ್ತದೆ. ಬರೆಸಿಕೊಂಡವರು, ಬರೆದುಕೊಟ್ಟವರು, ಅವರ ಊರು, ಮನೆ, ಜಾತಿ, ಯಾರ ಮಗ ಅಥವಾ ಯಾರ ಅಳಿಯ ಎಂಬ ವಿವರ ಬರುತ್ತದೆ. ಗೇಣಿ ಇಷ್ಟು ಮುಡಿ ಅಕ್ಕಿ ಎಂದಿರುತ್ತದೆ. ಆಮೇಲೆ ಚೆಕ್ಕುಬಂದಿ: ಮೂಡಕ್ಕೆ ಯಾರ ಗದ್ದೆ, ತೆಂಕಕ್ಕೆ ಯಾವ ತೋಡು, ಪಡುವಕ್ಕೆ ಯಾರ ಹಾಡಿ, ಬಡಗಕ್ಕೆ ಯಾವ ದರೆ. ಕೊನೆಯಲ್ಲಿ ಸಾಕ್ಷಿಗಳ ಹೆಸರು, ಬರೆದವನ ಬಿಕ್ಕಲಂ. ಚೆಕ್ಕುಬಂದಿಯಲ್ಲಿ ಬರುವ ನೆರೆಹೊರೆಯ ಹೆಸರುಗಳಿಂದ ತಮ್ಮದಲ್ಲದ ಮನೆಯ ಚೀಟಿನಲ್ಲೂ ತಮ್ಮ ಹಿರಿಯರು ಸಿಕ್ಕಿಬಿಡುತ್ತಾರೆ. ನೋಂದಣಿಯಾದ ಪತ್ರಗಳ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ.

ಈ ಸೀಮೆಯ ವಂಶಾನ್ವೇಷಣೆಯನ್ನು ಇಂಗ್ಲೆಂಡಿನದರಿಂದಷ್ಟೇ ಅಲ್ಲ, ಘಟ್ಟದ ಮೇಲಿನದರಿಂದಲೂ ಬೇರೆ ಮಾಡುವುದು ಅಳಿಯಸಂತಾನ. ನಾಡವರು ಎಂದು ಇಲ್ಲಿ ಕರೆಯಲಾಗುವ ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಕುಟುಂಬ ಎಂದರೆ ಒಬ್ಬ ಮೂಲಸ್ತ್ರೀಯ ಹೆಣ್ಣುಸಂತತಿಯ ಸರಣಿ. ಆಸ್ತಿ ತಾಯಿಯ ಕಡೆಯಿಂದ ಬರುತ್ತದೆ, ಬಳಿಯೂ ತಾಯಿಯದೇ, ಒಂದೇ ಬಳಿಯವರಲ್ಲಿ ಮದುವೆ ಇಲ್ಲ. ತಂದೆ, ಅಜ್ಜ, ಮುತ್ತಜ್ಜ ಎಂದು ಏರುತ್ತ ಹೋದವರು ಪ್ರತಿ ತಲೆಮಾರಿಗೂ ಬೇರೆ ಕುಟುಂಬದ, ಬೇರೆ ಬಳಿಯ, ಬೇರೆ ಮನೆಯ ಕಾಗದಗಳಿಗೆ ಹೋಗಿ ಬೀಳುತ್ತಾರೆ. ಹಿಡಿಯಬೇಕಾದ ಎಳೆ ತಾಯಿ, ತಾಯಿಯ ತಾಯಿ. ಚೀಟುಗಳಲ್ಲಿ ಶೆಡ್ತಿ, ಪೂಜಾರ್ತಿ, ಹೆಂಗ್ಸು ಎಂದು ಕೊನೆಗೊಳ್ಳುವ ಹೆಸರುಗಳು ಇವರವು. ಯಜಮಾನಿಕೆ ಮಾಡಿದ ಸೋದರಮಾವನ ಹೆಸರು ಕಂದಾಯದ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ವಂಶ ಮುಂದುವರಿದದ್ದು ಅವನ ತಂಗಿಯಿಂದ. ಎಷ್ಟೋ ಮನೆಗಳ ವಂಶವೃಕ್ಷಗಳು ತಪ್ಪುವುದು ಇಲ್ಲಿಯೇ. ಕೋಟ, ಶಿವಳ್ಳಿ ಬ್ರಾಹ್ಮಣರು ಮತ್ತು ಗೌಡ ಸಾರಸ್ವತರದು ಮಕ್ಕಳಸಂತಾನ. ಅವರಲ್ಲಿ ಗೋತ್ರ ಮತ್ತು ಉಪನಾಮ ತಂದೆಯ ಕಡೆಯಿಂದಲೇ ಸಾಗುತ್ತವೆ.

ಅಳಿಯಸಂತಾನದ ಕುಟುಂಬಗಳ ಬಗ್ಗೆ ಅತ್ಯಂತ ವಿವರವಾದ ವಂಶಾವಳಿಗಳು ಹುಟ್ಟಿದ್ದು ವ್ಯಾಜ್ಯಗಳಿಂದ. ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗ್ಸು ನಡುವಣ ಮೊಕದ್ದಮೆಯಲ್ಲಿ 1863ರಲ್ಲಿ ಮದರಾಸು ಹೈಕೋರ್ಟು ಒಬ್ಬ ಸದಸ್ಯ ಕೇಳಿದ ಮಾತ್ರಕ್ಕೆ ಕುಟುಂಬದ ಆಸ್ತಿಯನ್ನು ಪಾಲು ಮಾಡಲಾಗದು ಎಂದು ತೀರ್ಪಿತ್ತಿತು. ಅಲ್ಲಿಂದ ಮುಂದೆ ಪಾಲಿಗಿಂತ ಯಜಮಾನಿಕೆ, ಜೀವನಾಂಶ, ಪರಭಾರೆಯ ಮೇಲೆ ದಾವೆಗಳು ನಡೆದವು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳ ಲೆಕ್ಕದಲ್ಲಿ ಪಾಲು ಕೇಳುವ ಹಕ್ಕು ಕೊಟ್ಟಿತು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಇಳಿದು ಬಂದವರು ಸೇರಿ ಒಂದು ಕವರು. 50 ವರ್ಷ ತುಂಬದ ಹೆಂಗಸು ಇದ್ದರೆ ಅದು ಸಂತತಿ ಕವರು, ಇಲ್ಲವಾದರೆ ನಿಸ್ಸಂತತಿ ಕವರು. ಯಾರ ಕವರು ಯಾವುದು, ಯಾರಿಗೆ ಎಷ್ಟು ವಯಸ್ಸು ಎಂಬುದರ ಮೇಲೆ ಪಾಲು ನಿಂತಿದ್ದರಿಂದ ಪಾಲುಪಟ್ಟಿ ಮತ್ತು ದಾವೆಯ ಕಡತಗಳಲ್ಲಿ ಮೂಲಸ್ತ್ರೀಯಿಂದ ಕೈಕೂಸಿನವರೆಗೆ ಎಲ್ಲರ ಹೆಸರು ಬರೆಯಲೇಬೇಕಾಯಿತು. ಒಂದು ಕುಟುಂಬ ಪಾಲಿಗೆ ಹೋಗಿತ್ತೆಂದರೆ ಹುಡುಕುವವರ ಕೆಲಸ ಅರ್ಧ ಮುಗಿದಂತೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಈ ಪದ್ಧತಿ ಸಡಿಲಾಯಿತು.

ಇಷ್ಟೂ ಜಾಗ ಇದ್ದವರ ಮಾತು. ಒಕ್ಕಲುಗಳ ಹೆಸರು ವರ್ಗದ ಲೆಕ್ಕದಲ್ಲಿ ಇರಲಿಲ್ಲ. ಚಾಲಗೇಣಿ ಅನೇಕ ಕಡೆ ಬರೀ ಬಾಯಿಮಾತಿನದು, ರಶೀದಿಯೂ ಇಲ್ಲ. ಈ ಮನೆಗಳು ದಾಖಲೆಗೆ ಗಟ್ಟಿಯಾಗಿ ಬಂದದ್ದು ದೇವರಾಜ ಅರಸು ಸರಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದ ಮೇಲೆ. ಒಕ್ಕಲು ನಮೂನೆ 7ರಲ್ಲಿ ಡಿಕ್ಲರೇಷನ್ ಕೊಡಬೇಕಿತ್ತು. ತನ್ನ ಹೆಸರು, ಧನಿಯ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಎಷ್ಟು ಕಾಲದಿಂದ ಸಾಗುವಳಿ ಎಂಬುದನ್ನು ಅದರಲ್ಲಿ ಹೇಳಬೇಕಿತ್ತು. ತಕರಾರು ಬಂದಲ್ಲಿ ಅಪ್ಪ, ಅಜ್ಜ, ಸೋದರಮಾವ ಗೇಣಿ ಕೊಡುತ್ತಿದ್ದ ಸಂಗತಿಯನ್ನು ಹೇಳಿಕೆಯಾಗಿ ಬರೆದುಕೊಳ್ಳಲಾಯಿತು. ರಾಜ್ಯದಲ್ಲಿ ಅತಿ ಹೆಚ್ಚು ಅರ್ಜಿ ಬಂದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಕರಾವಳಿಯ ಸಾಮಾನ್ಯ ಕುಟುಂಬಗಳ ಚರಿತ್ರೆಗೆ ಈ ಕಡತಗಳಿಗಿಂತ ದೊಡ್ಡ ಭಂಡಾರ ಬೇರೆ ಇಲ್ಲ. ಸಂಶೋಧಕರು ಇವನ್ನು ಬಳಸಿಕೊಂಡದ್ದು ಮಾತ್ರ ತೀರ ಕಡಿಮೆ.

ಗೇಣಿಯೂ ಇಲ್ಲದವರ ಪಾಡು ಇನ್ನೂ ಕಷ್ಟದ್ದು. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಕರಾವಳಿಯನ್ನು ಹಾದುಹೋದಾಗ ಭೂಮಿಗೆ ಅಂಟಿಕೊಂಡ ಜೀತದಾಳುಗಳನ್ನು ಕೊಂಡು ಮಾರುವುದನ್ನು ಬರೆದಿಟ್ಟಿದ್ದಾನೆ. ಅದಕ್ಕೆ ಕಾನೂನಿನ ಆಸರೆ ತಪ್ಪಿದ್ದು 1843ರ 5ನೇ ಕಾಯಿದೆಯಿಂದ. ಈ ಮನೆಗಳ ಹಿರಿಯರು ಕಾಗದದ ಮೇಲೆ ಕಂಡರೆ ಧನಿಯ ಸ್ವತ್ತಿನ ವಿವರದಲ್ಲಿ ಕಾಣುತ್ತಾರೆ. ದಲಿತರು ಮತ್ತು ಕೊರಗರ ಕುಟುಂಬಗಳ ಚರಿತ್ರೆಗೆ ಶಾಲಾ ರಿಜಿಸ್ಟರ್, ದರ್ಖಾಸ್ತು ಮಂಜೂರಾತಿ, ಹಿರಿಯರ ಬಾಯಿಮಾತುಗಳೇ ಮುಖ್ಯ ಆಧಾರ.

ಘಟ್ಟದ ಮೇಲೆ ಹೆಳವರು ಮನೆಮನೆಗೆ ಬಂದು ವಂಶಾವಳಿ ಓದುವ ಪದ್ಧತಿಯಿದೆ. ಕರಾವಳಿಯಲ್ಲಿ ಆ ಕೆಲಸವನ್ನು ಒಂದಷ್ಟು ಮಟ್ಟಿಗೆ ನಾಗಬನ ಮಾಡುತ್ತದೆ. ಊರು ಬಿಟ್ಟು ಎಷ್ಟು ತಲೆಮಾರಾದರೂ ಮೂಲನಾಗನಿಗೆ ತನು ಎರೆಯಲು ಮೂಲಸ್ಥಾನಕ್ಕೇ ಬರಬೇಕೆಂಬ ನಂಬಿಕೆಯಿಂದ, ನಾಗರಪಂಚಮಿಯ ದಿನ ಒಂದೇ ಬನದ ಮುಂದೆ ಸೇರುವವರು ಒಂದೇ ಕುಟುಂಬದ ಕವಲುಗಳೆಂದು ತಿಳಿಯಬಹುದು. ಸಾವಿನ ಸೂತಕ, ಹೆರಿಗೆಯ ಅಮೆ ಯಾರಿಗೆ ತಾಗುತ್ತದೆ ಎಂಬುದು ಇನ್ನೂ ಖಚಿತವಾದ ಗೆರೆ. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ ಕಂಡುಕೊಂಡ ಮೂಲಸ್ಥಾನವನ್ನು ಮಾತ್ರ ಬೇರೆ ಆಧಾರ ಇಲ್ಲದೆ ಚರಿತ್ರೆ ಎಂದು ಒಪ್ಪಲಾಗದು.

ಕ್ರೈಸ್ತರಲ್ಲಿ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳು ಇಗರ್ಜಿಗಳಲ್ಲಿವೆ. ಟಿಪ್ಪುವಿನ ಕಾಲದ 1784ರಿಂದ 1799ರ ಸೆರೆವಾಸದಿಂದಾಗಿ ಅದಕ್ಕೆ ಹಿಂದಿನ ನಮೂದು ಸಿಗುವುದು ಅಪರೂಪ. ಗೋವೆಯ ಪಾದ್ರಿಗಳ ಕಾಲದ ಬರಹ ಓದಲು ಪೋರ್ಚುಗೀಸ್ ಅಥವಾ ಲ್ಯಾಟಿನ್ ಬಲ್ಲವರ ನೆರವು ಬೇಕು. ಮುಸ್ಲಿಮರಿಗೆ ಜಮಾತಿನ ನಿಕಾಹ್ ದಫ್ತರಗಳು ಇದೇ ಕೆಲಸಕ್ಕೆ ಬರುತ್ತವೆ. ಜನನ ಮರಣದ ನೋಂದಣಿಗೆ ಮದರಾಸು ಪ್ರಾಂತದಲ್ಲಿ 1899ರ ಕಾಯಿದೆ ಇತ್ತು, ಈಗಿನದು 1969ರದು. ಹಳೆಯ ಹಳ್ಳಿ ರಿಜಿಸ್ಟರುಗಳಲ್ಲಿ ಬಿಟ್ಟುಹೋದ ಹೆಸರುಗಳು ಬಹಳ. ಶಾಲೆಯ ದಾಖಲಾತಿ ಪುಸ್ತಕ ತಂದೆ ಅಥವಾ ಪೋಷಕನ ಹೆಸರಿಗೆ ನಂಬಬಹುದಾದ ಆಧಾರ. ಹುಟ್ಟಿದ ದಿನವನ್ನು ಮೇಷ್ಟ್ರು ಅಂದಾಜಿನಿಂದ ಬರೆದಿರುವುದು ಸಾಮಾನ್ಯವಾದ್ದರಿಂದ ಅದನ್ನು ಪೂರ್ತಿ ನಂಬಬಾರದು.

ಸೇನೆಯ ದಾಖಲೆ ಈ ಸೀಮೆಯಲ್ಲಿ ಕೆಲವೇ ಮನೆಗಳಿಗೆ ಒದಗುತ್ತದೆ. ಬ್ರಿಟಿಷರ ಕಾಲದಲ್ಲಿ ಭರ್ತಿಯ ಒತ್ತು ಪಂಜಾಬಿನಂಥ ಕಡೆಗಿತ್ತು. ಎರಡು ಮಹಾಯುದ್ಧಗಳಲ್ಲಿ ಸತ್ತವರ ಹೆಸರುಗಳು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿವೆ. ಹಲವು ನಮೂದುಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆಯೂ ಇರುವುದರಿಂದ ದಕ್ಷಿಣ ಕನ್ನಡದವರನ್ನು ಬೇರ್ಪಡಿಸಿ ನೋಡಬಹುದು. ಸ್ವಾತಂತ್ರ್ಯಾನಂತರ ಸೇವೆ ಸಲ್ಲಿಸಿದವರ ವಿವರ ಆಯಾ ದಳದ ರೆಕಾರ್ಡ್ ಆಫೀಸಿನಲ್ಲಿರುತ್ತದೆ: ಮದ್ರಾಸ್ ರೆಜಿಮೆಂಟಿನದು ವೆಲಿಂಗ್ಟನ್ನಿನಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ. ಪಿಂಚಣಿ ಪುಸ್ತಕದಲ್ಲಿ ಹೆಂಡತಿ ಮಕ್ಕಳ ಹೆಸರು ಸಿಗುತ್ತದೆ. ಸೇನೆಗಿಂತ ಹೆಚ್ಚು ಜನರನ್ನು ಸೆಳೆದದ್ದು ಮುಂಬಯಿ. 1902ರಲ್ಲಿ ಅಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ ಮುಂತಾದ ಸಂಸ್ಥೆಗಳ ಹಳೆಯ ಪ್ರಕಟಣೆಗಳು ಮತ್ತು ಕನ್ನಡ ರಾತ್ರಿಶಾಲೆಗಳ ರಿಜಿಸ್ಟರುಗಳು ಊರು ಬಿಟ್ಟವರ ಜಾಡು ಹಿಡಿಯಲು ನೆರವಾಗುತ್ತವೆ.

ನಾಡಕಚೇರಿಯಲ್ಲಿ ಈಗ ಕೊಡುವ ವಂಶವೃಕ್ಷ ಪ್ರಮಾಣಪತ್ರ ಪೌತಿ ಖಾತೆಯಂಥ ವ್ಯವಹಾರಕ್ಕೆ ಮಾಡಿದ್ದು. ಅರ್ಜಿದಾರ ಹೇಳಿದ್ದರ ಮೇಲೆ ಅದು ನಿಂತಿರುತ್ತದೆ, ಎರಡು ಮೂರು ತಲೆಮಾರಿನಾಚೆ ಹೋಗುವುದು ಕಡಿಮೆ. ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ರಾಜ್ಯದಲ್ಲಿ ನಡೆದಿದೆ. ಮನೆಯ ಪೆಟ್ಟಿಗೆಗಳಲ್ಲಿರುವ ಚೀಟು, ಪಾಲುಪಟ್ಟಿ, ಕಡತಗಳು ಆ ಯೋಜನೆಗೆ ಸೇರುವುದಿಲ್ಲ. ಕರಾವಳಿಯ ಮಳೆಗಾಲದ ಥಂಡಿ ಮತ್ತು ಗೆದ್ದಲಿನಿಂದ ಅವನ್ನು ಉಳಿಸಿಕೊಳ್ಳಬೇಕಾದವರು ಮನೆಯವರೇ.