ಮುಂದಿನ ಪೀಠ ಬರಿದಾದಾಗ

ನಮ್ಮ ಪುರಾಣಗಳಲ್ಲಿ ಬರುವ ಪುಷ್ಪಕ ವಿಮಾನವನ್ನು ನಡೆಸಲು ಯಾರಾದರೂ ಕಲಿತರೆಂಬ ಮಾತನ್ನು ನಾವು ಕೇಳಿಲ್ಲ. ಒಡೆಯನ ಮನಸ್ಸು ಬಯಸಿದ ಕಡೆಗೆ ಅದು ತಾನಾಗಿಯೇ ಹೋಗುತ್ತಿತ್ತು. ಕುಬೇರನಿಂದ ರಾವಣನ ಕೈಗೆ, ಮುಂದೆ ರಾಮನ ಬಳಿಗೆ ಅದು ಬಂದಾಗಲೂ ಹೊಸಬರಿಗೆ ಯಾರೂ ಪಾಠ ಹೇಳಬೇಕಾಗಲಿಲ್ಲ. ಬಯಕೆಯೇ ಅದರ ಚುಕ್ಕಾಣಿ. ಮನುಷ್ಯ ತನ್ನ ಕೈಯಾರೆ ಕಟ್ಟಿದ ವಿಮಾನದ ಕಥೆ ಹಾಗಲ್ಲ. ಅದನ್ನು ಕಟ್ಟುವುದು ಒಂದು ಕಷ್ಟ. ನಡೆಸಲು ಕಲಿಯುವುದು ಇನ್ನೊಂದು. ತಾನು ಕಲಿತದ್ದನ್ನು ಮತ್ತೊಬ್ಬನಿಗೆ ಕಲಿಸುವುದು ಮೂರನೆಯದು. ಮೊದಲನೆಯದರ ಚರಿತ್ರೆಯನ್ನು ಬಹಳ ಮಂದಿ ಬರೆದಿದ್ದಾರೆ. ನಾನು ಈಗ ಹೇಳಹೊರಟಿರುವುದು ಉಳಿದೆರಡರ, ಅದರಲ್ಲಿಯೂ ಮೂರನೆಯದರ ಕಥೆಯನ್ನು.

ಈಜು ಕಲಿಯುವವನಿಗೆ ಕೆರೆಯ ದಡದಲ್ಲಿ ಸೊಂಟದುದ್ದದ ನೀರಿದೆ. ಬೆನ್ನಿಗೆ ಕಟ್ಟಿಕೊಳ್ಳಲು ಸೋರೆಬುರುಡೆಯಿದೆ. ಸೈಕಲ್ ಕಲಿಯುವ ಹುಡುಗನ ಹಿಂದೆ ಅಣ್ಣನೋ ಮಾವನೋ ಸೀಟು ಹಿಡಿದುಕೊಂಡು ಓಡುತ್ತಾನೆ. ಬಿದ್ದರೆ ಮೊಣಕಾಲು ತರಚೀತು, ಅಷ್ಟೆ. ಆಕಾಶಕ್ಕೆ ಅಂಥ ದಡವಿಲ್ಲ. ನೆಲ ಬಿಟ್ಟವನು ಪೂರ್ತಿ ಹಾರಲೇಬೇಕು, ಮತ್ತೆ ಪೂರ್ತಿ ಇಳಿಯಲೇಬೇಕು. ಅರ್ಧ ಕಲಿತು ಉಳಿದರ್ಧವನ್ನು ನಾಳೆಗೆ ಇಟ್ಟುಕೊಳ್ಳುವ ಸೌಕರ್ಯ ಅಲ್ಲಿಲ್ಲ.

ಹಾಗಾದರೆ ಮೊದಲಿಗರು ಹೇಗೆ ಕಲಿತರು? ಅವರೆಲ್ಲ ಏಕಲವ್ಯರು, ಮಣ್ಣಿನ ದ್ರೋಣನೂ ಇಲ್ಲದ ಏಕಲವ್ಯರು. ಜರ್ಮನಿಯ ಆಟೋ ಲಿಲಿಯೆಂಥಾಲ್ ತಾನೇ ಕಟ್ಟಿದ ರೆಕ್ಕೆಗಳನ್ನು ಹೆಗಲಿಗೇರಿಸಿಕೊಂಡು ಗುಡ್ಡಗಳ ಮೇಲಿಂದ ಸುಮಾರು ಎರಡು ಸಾವಿರ ಸಲ ತೇಲಿ ಇಳಿದ. 1896ರ ಆಗಸ್ಟ್ ತಿಂಗಳಿನಲ್ಲಿ ಬಿದ್ದು ತೀರಿಕೊಂಡ. ಅಮೆರಿಕದ ವಿಲ್ಬರ್ ರೈಟ್ 1901ರಲ್ಲಿ ಎಂಜಿನಿಯರುಗಳ ಒಂದು ಸಭೆಯಲ್ಲಿ ಮಾತನಾಡುತ್ತ ಇದರ ಲೆಕ್ಕ ಹಾಕಿದ. ಅಷ್ಟು ಸಲ ಹಾರಿದರೂ ಐದು ವರ್ಷಗಳಲ್ಲಿ ಲಿಲಿಯೆಂಥಾಲ್ ನಿಜವಾಗಿ ಗಾಳಿಯಲ್ಲಿ ಕಳೆದ ಕಾಲವೆಲ್ಲ ಸೇರಿ ಐದು ಗಂಟೆ ಮಾತ್ರ. ಐದು ಗಂಟೆಯ ಅಭ್ಯಾಸವನ್ನು ಕ್ಷಣಕ್ಷಣಗಳಾಗಿ ಐದು ವರ್ಷಗಳಿಗೆ ಹಂಚಿಕೊಂಡವನು ಪೇಟೆಬೀದಿಯಲ್ಲಿ ಸೈಕಲ್ ಬಿಡಲು ಕೂಡ ಹೆದರುತ್ತಾನೆ ಎಂಬುದು ವಿಲ್ಬರನ ಮಾತಿನ ತಾತ್ಪರ್ಯ. ಅಣ್ಣತಮ್ಮಂದಿರಿಬ್ಬರೂ ಸೈಕಲ್ ವ್ಯಾಪಾರಿಗಳೆಂಬುದನ್ನು ಇಲ್ಲಿ ನೆನೆಯಬೇಕು. ಎಂಜಿನ್ ಕೂರಿಸುವ ಮೊದಲು ಹಾರುವುದನ್ನು ರೂಢಿ ಮಾಡಿಕೊಳ್ಳಬೇಕೆಂದು ಅವರು ತೀರ್ಮಾನಿಸಿದರು. 1902ರ ಶರತ್ಕಾಲವೊಂದರಲ್ಲೇ ಕಿಟಿ ಹಾಕಿನ ಮರಳುದಿಬ್ಬಗಳ ಮೇಲೆ ಏಳುನೂರಕ್ಕೂ ಮಿಕ್ಕಿ ತೇಲುಹಾರಾಟ ನಡೆಸಿದರು. 1903ರ ಡಿಸೆಂಬರ್ 17ರಂದು ಎಂಜಿನ್ನಿನ ವಿಮಾನ ಮೊದಲ ಸಲ ಹಾರಿದ್ದು 12 ಸೆಕೆಂಡು. ಅದೇ ದಿನದ ಕೊನೆಯ ಹಾರಾಟ 59 ಸೆಕೆಂಡು. ಜಗತ್ತು ಎಂಜಿನ್ನನ್ನು ಕೊಂಡಾಡಿತು. ಅವರನ್ನು ಕಾಪಾಡಿದ್ದು ಮರಳಿನ ಮೇಲಿನ ಆ ರೂಢಿ ಎಂದು ನನ್ನ ಎಣಿಕೆ.

ಗುರುಗಳಾದ ಮೇಲೆ ಅವರಿಗೂ ಕಷ್ಟ ತಪ್ಪಲಿಲ್ಲ. 1909ರಲ್ಲಿ ಫ್ರಾನ್ಸಿನ ಪೋ ಪಟ್ಟಣದಲ್ಲಿ ವಿಲ್ಬರ್ ಮೂವರು ಶಿಷ್ಯರಿಗೆ ಪಾಠ ಹೇಳಿದ. ಆ ವಿಮಾನದಲ್ಲಿ ಗುರುಶಿಷ್ಯರು ಅಕ್ಕಪಕ್ಕದಲ್ಲಿ ಕೂಡಬೇಕು. ರೆಕ್ಕೆಗಳನ್ನು ತಿರುಚುವ ಸನ್ನೆಕೋಲು ಇಬ್ಬರ ನಡುವೆ ಒಂದೇ. ಬಲಗಡೆ ಕುಳಿತವನಿಗೆ ಅದು ಎಡಗೈಯ ವಿದ್ಯೆ, ಎಡಗಡೆ ಕುಳಿತವನಿಗೆ ಬಲಗೈಯದು. ಹೀಗಾಗಿ ಕಲಿತವರಲ್ಲಿಯೇ ಎಡಪೀಠದವರು, ಬಲಪೀಠದವರು ಎಂಬ ಎರಡು ಜಾತಿಗಳಾದವು. ಮುಂದೆ ಅಮೆರಿಕದ ವಾಯುಸೇನೆಗೆ ಅಧಿಪತಿಯಾದ ಹೆನ್ರಿ ಆರ್ನಾಲ್ಡ್ 1911ರಲ್ಲಿ ರೈಟರ ಶಾಲೆಯಲ್ಲಿ ಪಡೆದದ್ದು 28 ಪಾಠ, ಒಟ್ಟು 3 ಗಂಟೆ 48 ನಿಮಿಷ. ಅಷ್ಟರಲ್ಲಿ ಆತ ವೈಮಾನಿಕ!

ಫ್ರೆಂಚರ ಪದ್ಧತಿ ಬೇರೆ. ಅಲ್ಲಿ ಶಿಷ್ಯನು ಮೊದಲ ದಿನದಿಂದಲೂ ಒಂಟಿ. ರೆಕ್ಕೆ ಕತ್ತರಿಸಿದ, ಮೇಲೇಳಲಾರದ ವಿಮಾನದಲ್ಲಿ ಕೂತು ಮೈದಾನದ ಉದ್ದಕ್ಕೂ ನೆಟ್ಟಗೆ ಓಡಿಸುವುದೇ ಮೊದಲ ಪಾಠ. ಹಾರಲಾರದ ಆ ಹಕ್ಕಿಗೆ ಪೆಂಗ್ವಿನ್ ಎಂಬ ಹೆಸರೇ ನಿಂತಿತು. ಆಮೇಲೆ ಮಾರುದ್ದದ ನೆಗೆತ, ಆಮೇಲೆ ಇನ್ನಷ್ಟು ಎತ್ತರ. ಇಂಗ್ಲೆಂಡಿನಲ್ಲಿ ಬ್ರಿಸ್ಟಲ್ ಬಾಕ್ಸ್‌ಕೈಟಿನಂಥ ವಿಮಾನಗಳಲ್ಲಿ ಶಿಷ್ಯನು ಬೋಧಕನ ಬೆನ್ನಿಗಂಟಿ ಕುಳಿತು, ಅವನ ಭುಜದ ಮೇಲಿಂದ ಕೈ ಚಾಚಿ ಚಾಲಕದಂಡವನ್ನು ಮುಟ್ಟಿ ನೋಡುತ್ತಿದ್ದ. ಮುಟ್ಟಿದ್ದೇ ಪಾಠ.

ಇಷ್ಟರಲ್ಲಿ 1914ರ ಯುದ್ಧ ಬಂತು. ವಿಮಾನಗಳಿಗೂ ಅವುಗಳನ್ನು ನಡೆಸುವ ಹುಡುಗರಿಗೂ ಒಮ್ಮೆಲೇ ಬೇಡಿಕೆಯಾಯಿತು. ಕಲಿಸುವ ಕೆಲಸ ಬಿದ್ದದ್ದು ರಣರಂಗದಿಂದ ದಣಿದು ಬಂದವರ ಮೇಲೆ. ಶಿಷ್ಯನ ಕೈಗೆ ವಿಮಾನ ಕೊಡುವುದೆಂದರೆ ಪ್ರಾಣವನ್ನೇ ಒಪ್ಪಿಸಿದಂತೆ ಎಂದು ಅವರು ಹೆದರುತ್ತಿದ್ದರು. ಶತ್ರುಗಳಾದ ಜರ್ಮನರನ್ನು ಹೀಗಳೆಯಲು ಬಳಸುತ್ತಿದ್ದ ‘ಹನ್’ ಎಂಬ ಪದವನ್ನೇ ಇಂಗ್ಲಿಷ್ ಬೋಧಕರು ತಮ್ಮ ಶಿಷ್ಯರಿಗೂ ಇಟ್ಟಿದ್ದರು. ಗುರುವು ಶಿಷ್ಯನನ್ನು ಶತ್ರುವಿನ ಹೆಸರಿನಿಂದ ಕರೆದ ಗುರುಕುಲ ಬೇರೆಲ್ಲಿಯೂ ಇದ್ದಿರಲಾರದು.

ಆ ಶಾಲೆಗಳ ಬಾಗಿಲು ತಟ್ಟಿದವರಲ್ಲಿ ನಮ್ಮವರೂ ಇದ್ದರು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಹರ್ದಿತ್ ಸಿಂಗ್ ಮಲಿಕರನ್ನು ಮೊದಲು ವಾಯುದಳಕ್ಕೆ ಸೇರಿಸಿಕೊಳ್ಳಲಿಲ್ಲ. ಅವರು ಫ್ರಾನ್ಸಿಗೆ ಹೋಗಿ ಗಾಯಾಳುಗಳ ಬಂಡಿ ಓಡಿಸಿದರು. ಕೊನೆಗೆ ಅವರ ಕಾಲೇಜಿನ ಅಧ್ಯಾಪಕರೊಬ್ಬರು ಸೇನಾಧಿಕಾರಿಗೆ ಪತ್ರ ಬರೆದ ಮೇಲೆ 1917ರಲ್ಲಿ ಪ್ರವೇಶ ದೊರೆಯಿತು. ಪೇಟದ ಮೇಲೆ ಕೂರುವಂಥ ದೊಡ್ಡ ಶಿರಸ್ತ್ರಾಣವನ್ನೇ ಅವರು ಹೊಲಿಸಿಕೊಂಡರು. ಕಲ್ಕತ್ತೆಯ ಇಂದ್ರಲಾಲ್ ರಾಯ್‌ಗೆ ದೃಷ್ಟಿದೋಷವೆಂಬ ಕಾರಣ ಹೇಳಿದರು. ಆತ ತನ್ನ ಮೋಟಾರ್ ಸೈಕಲನ್ನು ಮಾರಿ ಹೆಸರಾಂತ ನೇತ್ರವೈದ್ಯರಿಂದ ಮತ್ತೆ ಪರೀಕ್ಷೆ ಮಾಡಿಸಿಕೊಂಡನೆಂದು ಹೇಳುತ್ತಾರೆ. 1917ರ ಡಿಸೆಂಬರಿನಲ್ಲಿ ವಿಮಾನ ಬಿದ್ದು ಗಾಯಗೊಂಡ. ಚೇತರಿಸಿಕೊಂಡು ಮತ್ತೆ ಹಾರಿದ. 1918ರ ಜುಲೈನಲ್ಲಿ ಎರಡೇ ವಾರಗಳೊಳಗೆ ಹತ್ತು ವಿಜಯಗಳನ್ನು ಪಡೆದು, 22ರಂದು ಮಡಿದ. ಆಗ ಆತನಿಗೆ 19 ವರ್ಷ.

ಇದೇ ಕಾಲದಲ್ಲಿ ವಿದ್ಯೆಯ ದಿಕ್ಕನ್ನು ಬದಲಿಸಿದ ಒಬ್ಬ ಗುರು ಹುಟ್ಟಿಕೊಂಡ. ಅವನ ಹೆಸರು ರಾಬರ್ಟ್ ಸ್ಮಿತ್-ಬ್ಯಾರಿ. ಯುದ್ಧದ ಮೊದಲ ತಿಂಗಳಲ್ಲೇ ವಿಮಾನ ಬಿದ್ದು ಎರಡು ಕಾಲುಗಳನ್ನೂ ಮುರಿದುಕೊಂಡವನು. 1916ರಲ್ಲಿ ಫ್ರಾನ್ಸಿನಲ್ಲಿ ಒಂದು ದಳದ ನಾಯಕನಾಗಿದ್ದಾಗ, ಕೆಲವೇ ಗಂಟೆ ಹಾರಿದ ಹುಡುಗರು ತನ್ನ ಬಳಿಗೆ ಬಂದು ಬಂದಂತೆಯೇ ಸಾಯುವುದನ್ನು ಕಂಡ. ಇವರು ಶತ್ರುವಿನಿಂದ ಸಾಯುತ್ತಿಲ್ಲ, ಕಲಿಯದೆ ಸಾಯುತ್ತಿದ್ದಾರೆ ಎಂದು ಮೇಲಿನವರಿಗೆ ಪತ್ರದ ಮೇಲೆ ಪತ್ರ ಬರೆದ. ದೂರು ಹೇಳುವವನ ಬಾಯಿ ಮುಚ್ಚಿಸಲು ಅವನಿಗೇ ಕೆಲಸ ವಹಿಸುವುದು ಎಲ್ಲ ಕಚೇರಿಗಳ ಹಳೆಯ ಉಪಾಯ. 1917ರ ಆರಂಭದಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟಿನಲ್ಲಿದ್ದ ತರಬೇತಿ ದಳವನ್ನು ಅವನಿಗೆ ಒಪ್ಪಿಸಿದರು.

ಅವನು ಮಾಡಿದ್ದೇನೆಂಬುದು ತಿಳಿಯಬೇಕಾದರೆ ‘ಗಿರಕಿ’ ಎಂಬ ಭೂತದ ಪರಿಚಯ ಬೇಕು. ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆಯ ಮೇಲೂ ಕೆಳಗೂ ಹರಿಯುವ ಗಾಳಿ. ವೇಗ ಕುಗ್ಗಿದಾಗ ಮೂತಿಯನ್ನು ಅತಿಯಾಗಿ ಮೇಲಕ್ಕೆತ್ತಿದರೆ ಆ ಗಾಳಿಯ ಹಿಡಿತ ತಪ್ಪುತ್ತದೆ. ಒಂದು ರೆಕ್ಕೆಗೆ ಇನ್ನೊಂದಕ್ಕಿಂತ ಹೆಚ್ಚು ತಪ್ಪಿದರೆ, ವಿಮಾನ ಆ ಕಡೆಗೆ ಮಗುಚಿ, ಬುಗುರಿಯಂತೆ ತಿರುಗುತ್ತ ನೆಲಕ್ಕೆ ಬೀಳುತ್ತದೆ. ಬೀಳುವವನು ಸಹಜವಾಗಿ ಏನು ಮಾಡುತ್ತಾನೆ? ಮೇಲೇಳಲು ದಂಡವನ್ನು ತನ್ನತ್ತ ಬಲವಾಗಿ ಎಳೆಯುತ್ತಾನೆ. ಎಳೆದಷ್ಟೂ ರೆಕ್ಕೆ ಹಿಡಿತ ಕಳೆದುಕೊಂಡೇ ಇರುತ್ತದೆ. ಬದುಕುವ ಆಸೆಯೇ ಕೊಲ್ಲುತ್ತದೆ.

1912ರ ಆಗಸ್ಟ್ 25ರಂದು ಸ್ಯಾಲಿಸ್‌ಬರಿ ಬಯಲಿನ ಲಾರ್ಕ್‌ಹಿಲ್‌ನಲ್ಲಿ ವಿಲ್ಫ್ರೆಡ್ ಪಾರ್ಕ್ ಎಂಬ ನೌಕಾ ಅಧಿಕಾರಿಯ ವಿಮಾನ ಹೀಗೆ ಗಿರಕಿಗೆ ಬಿತ್ತು. ಆತ ದಂಡವನ್ನು ಎಳೆದು ನೋಡಿದ. ತಿರುಗುತ್ತಿದ್ದ ಕಡೆಗೇ ಚುಕ್ಕಾಣಿಯನ್ನು ತುಳಿದು ನೋಡಿದ. ಅದೇ ಸರಿಯೆಂದು ಆಗಿನವರ ನಂಬಿಕೆ. ಯಾವುದೂ ಫಲಿಸದೆ, ಇನ್ನು ಕಳೆದುಕೊಳ್ಳುವುದಕ್ಕೆ ಏನೂ ಉಳಿದಿಲ್ಲವೆಂದು ವಿರುದ್ಧ ದಿಕ್ಕಿಗೆ ತುಳಿದ. ನೆಲ ಇನ್ನು ಐವತ್ತು ಅಡಿ ಇದೆ ಎನ್ನುವಾಗ ವಿಮಾನ ತಿರುಗುವುದನ್ನು ನಿಲ್ಲಿಸಿ ಹಾರಿತು! ಅದೇ ವರ್ಷದ ಡಿಸೆಂಬರಿನಲ್ಲಿ ಆತ ಬೇರೊಂದು ಅಪಘಾತದಲ್ಲಿ ತೀರಿಕೊಂಡ. ಅವನು ಕಂಡುಕೊಂಡದ್ದು ಎಲ್ಲ ಶಾಲೆಗಳನ್ನೂ ಮುಟ್ಟಲಿಲ್ಲ. 1917ರಲ್ಲಿ ಫ್ರೆಡರಿಕ್ ಲಿಂಡೆಮನ್ ಎಂಬ ಭೌತವಿಜ್ಞಾನಿ ತಾನೇ ವಿಮಾನ ನಡೆಸಲು ಕಲಿತು, ಫಾರ್ನ್‌ಬರೋದಲ್ಲಿ ಬೇಕೆಂದೇ ಗಿರಕಿಗೆ ಬಿದ್ದು, ತಿರುಗುತ್ತಿರುವಾಗಲೇ ಮಾಪಕಗಳನ್ನು ಓದಿಕೊಂಡು ಇಳಿದ. ಗಿರಕಿ ಹೊಡೆಯುವ ವಿಮಾನದ ವೇಗ ಹೆಚ್ಚುವುದಿಲ್ಲ. ಅದು ಧುಮುಕುತ್ತಿಲ್ಲ, ಹಿಡಿತ ತಪ್ಪಿ ಉದುರುತ್ತಿದೆ. ವಿರುದ್ಧ ಚುಕ್ಕಾಣಿ ತುಳಿದು ದಂಡವನ್ನು ಮುಂದಕ್ಕೆ ತಳ್ಳಿದರೆ ರೆಕ್ಕೆಗೆ ಮತ್ತೆ ಗಾಳಿ ಸಿಕ್ಕುತ್ತದೆ. ನೆಲ ಎದ್ದು ಬರುತ್ತಿರುವಾಗ ನೆಲದ ಕಡೆಗೇ ತಳ್ಳುವುದು! ಇದನ್ನು ಧೈರ್ಯವೊಂದೇ ಕಲಿಸಲಾರದು. ಕಾರಣ ತಿಳಿದವನ ಕೈ ಮಾತ್ರ ಹಾಗೆ ಚಲಿಸೀತು.

ಸ್ಮಿತ್-ಬ್ಯಾರಿ ಹಿಡಿದದ್ದು ಈ ಎಳೆಯನ್ನು. ಅಲ್ಲಿಯವರೆಗೆ ಗುರುಗಳು ಶಿಷ್ಯರಿಗೆ, ಕಡಿದಾಗಿ ತಿರುಗಬೇಡ, ಗಿರಕಿಯ ಹತ್ತಿರ ಸುಳಿಯಬೇಡ ಎಂದು ಬೇಡಗಳನ್ನೇ ಉಪದೇಶಿಸುತ್ತಿದ್ದರು. ಇವನು ಶಿಷ್ಯನನ್ನು ಅಪಾಯದೊಳಕ್ಕೇ ಕರೆದೊಯ್ದು, ಅಪಾಯವಾದುದು ಏಕೆಂದು ತೋರಿಸಿ, ಹೊರಬರುವುದನ್ನು ಅವನ ಕೈಯಿಂದಲೇ ಮಾಡಿಸಿದ. ಆವ್ರೋ 504 ಎಂಬ ಮೃದು ಸ್ವಭಾವದ, ಆದರೆ ತಪ್ಪನ್ನು ತಕ್ಷಣ ಎತ್ತಿ ತೋರಿಸುವ ವಿಮಾನವನ್ನು ಆರಿಸಿಕೊಂಡ. ಇಬ್ಬರಿಗೂ ಪೂರ್ಣ ಹತೋಟಿ ಇರುವಂತೆ ಜೋಡಿ ದಂಡ, ಜೋಡಿ ಚುಕ್ಕಾಣಿ ಇಟ್ಟ. ಶಿಷ್ಯನನ್ನು ಪ್ರಯಾಣಿಕನ ಜಾಗದಿಂದ ಎಬ್ಬಿಸಿ ಚಾಲಕನ ಪೀಠದಲ್ಲಿ ಕೂರಿಸಿದ. ಎಂಜಿನ್ನಿನ ಅಬ್ಬರದಲ್ಲಿ ಮಾತು ಕೇಳಿಸಬೇಕಲ್ಲ. ಬೋಧಕನ ಬಾಯಿಂದ ಶಿಷ್ಯನ ಕಿವಿಗೆ ರಬ್ಬರಿನ ಕೊಳವೆ ಹಾಕಿಸಿದ. ವೈದ್ಯರ ಸ್ಟೆತಾಸ್ಕೋಪಿನ ಬಂಧುವಾದ ಈ ಸಾಧನ ‘ಗಾಸ್‌ಪೋರ್ಟ್ ಕೊಳವೆ’ ಎಂದೇ ಹೆಸರಾಯಿತು. ಅಪಾಯದ ನಡುವೆ ಶಿಷ್ಯನ ಕಿವಿಯಲ್ಲಿ ಶಾಂತವಾದ ಒಂದು ದನಿ ಇರುವಂತೆ ಮಾಡಿದ್ದು ಆ ಯುದ್ಧದ ದೊಡ್ಡ ಶೋಧಗಳಲ್ಲೊಂದು ಎಂದರೆ ನಾನಂತೂ ಒಪ್ಪುತ್ತೇನೆ.

ಯುದ್ಧ ಮುಗಿದ ಮೇಲೆ ಈ ವಿದ್ಯೆ ಸೈನ್ಯದ ಆವರಣ ದಾಟಿ ಸಾಮಾನ್ಯರ ಬಳಿಗೆ ಬರಲು ಒಂದು ಚಿಕ್ಕ ವಿಮಾನ ಬೇಕಿತ್ತು. 1925ರ ಫೆಬ್ರವರಿ 22ರಂದು ಜೆಫ್ರಿ ಡಿ ಹ್ಯಾವಿಲೆಂಡ್ ಹಾರಿಸಿದ ‘ಮಾತ್’ ಆ ಕೊರತೆಯನ್ನು ತುಂಬಿತು. ಪತಂಗ ಎಂದು ಅದರ ಅರ್ಥ. ಆತನಿಗೆ ಪತಂಗಗಳ ಅಧ್ಯಯನದಲ್ಲಿ ಆಸಕ್ತಿ. ಹಕ್ಕಿಯಂತೆ ರೆಕ್ಕೆ ಮಡಿಚಿ ಕೊಟ್ಟಿಗೆಯಲ್ಲಿಡಬಹುದಾಗಿದ್ದ ಈ ಎರಡು ಪೀಠದ ಮರದ ವಿಮಾನವನ್ನು ನೆಚ್ಚಿಕೊಂಡು ಫ್ಲೈಯಿಂಗ್ ಕ್ಲಬ್ಬುಗಳು ಹುಟ್ಟಿದವು. ಮುಂದೆ ಗುರು, ಹಿಂದೆ ಶಿಷ್ಯ, ನಡುವೆ ಅದೇ ಕೊಳವೆ. 1920ರ ದಶಕದ ಕೊನೆಯ ಹೊತ್ತಿಗೆ ದೆಹಲಿ, ಕರಾಚಿ, ಮುಂಬಯಿ, ಕಲ್ಕತ್ತೆಗಳಲ್ಲೂ ಇಂಥ ಕ್ಲಬ್ಬುಗಳು ಕಾಣಿಸಿಕೊಂಡವು. ಮುಂಬಯಿಯಲ್ಲಿ ನಾಲ್ಕು ಗಂಟೆಗೂ ಕಡಿಮೆ ಪಾಠದಲ್ಲಿ ಒಂಟಿಯಾಗಿ ಹಾರಿದ ಜೆ.ಆರ್.ಡಿ. ಟಾಟಾ ಅವರಿಗೆ 1929ರ ಫೆಬ್ರವರಿ 10ರಂದು ಭಾರತದಲ್ಲಿ ನೀಡಲಾದ ಮೊದಲ ಪರವಾನೆ ದೊರೆಯಿತು. ಹತ್ತು ಹನ್ನೆರಡು ವರ್ಷಗಳ ಹಿಂದೆ ಮಲಿಕ್ ಮತ್ತು ರಾಯ್ ಪರದೇಶದಲ್ಲಿ ಕಾಡಿ ಬೇಡಿ ಪಡೆದ ವಿದ್ಯೆ ಈಗ ಜುಹೂವಿನ ಬಯಲಿನಲ್ಲಿ ಲಭ್ಯವಾಯಿತು. ಹಣವುಳ್ಳವರಿಗೆ ಎಂಬ ಮಾತನ್ನು ಸೇರಿಸದಿದ್ದರೆ ಚರಿತ್ರೆಗೆ ಅಪಚಾರವಾದೀತು.

1929ರಲ್ಲಿ ಆಗಾಖಾನರು ಇಂಗ್ಲೆಂಡ್ ಮತ್ತು ಭಾರತಗಳ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ 500 ಪೌಂಡುಗಳ ಬಹುಮಾನ ಸಾರಿದರು. ಮೂವರು ಮುಂದೆ ಬಂದರು, ಮೂವರದೂ ಪತಂಗಗಳೇ. ಮನಮೋಹನ್ ಸಿಂಗ್ ದಾರಿಯಲ್ಲಿ ವಿಘ್ನಗಳನ್ನೆದುರಿಸಿ, ತಲುಪಿಯೂ ನಿಗದಿಯಾದ ಅವಧಿಯನ್ನು ಮೀರಿದರು. ಟಾಟಾ ಕರಾಚಿಯಿಂದ ಹೊರಟರು; ಆಸ್ಪಿ ಎಂಜಿನಿಯರ್ ಎಂಬ 17 ವರ್ಷದ ಹುಡುಗ ಇಂಗ್ಲೆಂಡಿನಿಂದ. ಎದುರುಬದುರಾಗಿ ಹಾರುತ್ತಿದ್ದ ಈ ಸ್ಪರ್ಧಿಗಳು ಈಜಿಪ್ಟಿನ ಅಬೂಕಿರ್‌ನಲ್ಲಿ ಸಂಧಿಸಿದರು. ಹುಡುಗ ಸ್ಪಾರ್ಕ್ ಪ್ಲಗ್ಗು ಕೆಟ್ಟು ಕುಳಿತಿದ್ದ. ಟಾಟಾ ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್ಗುಗಳನ್ನು ತೆಗೆದುಕೊಟ್ಟರು. ಹುಡುಗ ಪ್ರತಿಯಾಗಿ, ಕಡಲ ಮೇಲೆ ಹೋಗಬೇಕಾದ ಅವರಿಗೆ ತನ್ನ ತೇಲುವ ಜಾಕೀಟನ್ನು ಕೊಟ್ಟ. ಆಸ್ಪಿ 1930ರ ಮೇ 11ರಂದು ಕರಾಚಿ ಮುಟ್ಟಿ ಬಹುಮಾನ ಗೆದ್ದ. ಆ ಹುಡುಗನೇ 1960ರಲ್ಲಿ ಸ್ವತಂತ್ರ ಭಾರತದ ವಾಯುಸೇನೆಯ ಮುಖ್ಯಸ್ಥರಾದರು. ಮನಮೋಹನ್ ಸಿಂಗ್ 1942ರಲ್ಲಿ ಆಸ್ಟ್ರೇಲಿಯದ ಬ್ರೂಮ್‌ನಲ್ಲಿ ಜಪಾನೀಯರ ದಾಳಿಗೆ ಸಿಕ್ಕಿ ತೀರಿಕೊಂಡರು. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ತಂದರು. ಮದರಾಸಿನತ್ತ ಅದನ್ನು ಮುಂದೊಯ್ದ ನೆವಿಲ್ ವಿನ್ಸೆಂಟ್‌ನ ದಾರಿ ನಮ್ಮ ಬಳ್ಳಾರಿಯ ಮೇಲೆ ಹಾಯುತ್ತಿತ್ತು.

1936ರಲ್ಲಿ ಲಾಹೋರಿನಲ್ಲಿ ಇಪ್ಪತ್ತೊಂದರ ಪ್ರಾಯದ ಸರಳಾ ಠಕ್ರಾಲ್ ಸೀರೆಯುಟ್ಟುಕೊಂಡೇ ಜಿಪ್ಸಿ ಮಾತ್ ಏರಿ ಒಂಟಿಯಾಗಿ ಹಾರಿದರು. ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ಶಾಲೆ ತೆರೆಯಿತು. ಬೆಂಗಳೂರಿನಲ್ಲಿಯೇ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ಶಿಕ್ಷಣ ವಿಮಾನ 1951ರಲ್ಲಿ ಹಾರಿತು. 1958ರಲ್ಲಿ ಕ್ಲಬ್ಬುಗಳಿಗಾಗಿ ಅಲ್ಲಿ ಇನ್ನೊಂದು ಚಿಕ್ಕ ವಿಮಾನವನ್ನು ಕಟ್ಟಿದರು. ಅದಕ್ಕೆ ಪುಷ್ಪಕ್ ಎಂದು ಹೆಸರಿಟ್ಟರು. ಆದರೆ ಇದನ್ನು ನಡೆಸಲು ಬರಿಯ ಬಯಕೆ ಸಾಲದು.

ಇಷ್ಟೆಲ್ಲ ಬದಲಾದರೂ ಒಂದು ಗಳಿಗೆ ಮಾತ್ರ ಬದಲಾಗಿಲ್ಲ. ಪಾಠ ಮುಗಿಸಿ ಇಳಿದ ವಿಮಾನ ಮೈದಾನದ ಅಂಚಿಗೆ ಬರುತ್ತದೆ. ಬೋಧಕ ಎಂಜಿನ್ ನಿಲ್ಲಿಸಬೇಡವೆಂದು ಸನ್ನೆ ಮಾಡಿ, ತನ್ನ ಸೊಂಟದ ಪಟ್ಟಿಯನ್ನು ಬಿಚ್ಚಿ, ಖಾಲಿಯಾದ ಪೀಠಕ್ಕೆ ಅದನ್ನು ಭದ್ರವಾಗಿ ಬಿಗಿದು, ಕೆಳಗಿಳಿಯುತ್ತಾನೆ. ಒಂದು ಸುತ್ತು ಹೋಗಿ ಬಾ ಎನ್ನುತ್ತಾನೆ. ಮಾತ್ ವಿಮಾನದ ಹಿಂದಿನ ಪೀಠದಲ್ಲಿ ಕುಳಿತವನಿಗೆ ಅಷ್ಟು ದಿನವೂ ಎದುರಿಗೆ ಕಾಣುತ್ತಿದ್ದ ತಲೆ ಇನ್ನು ಕಾಣುವುದಿಲ್ಲ, ಕೊಳವೆಯಲ್ಲಿ ದನಿಯಿಲ್ಲ. ಒಬ್ಬನ ಭಾರ ಇಳಿದುದರಿಂದ ವಿಮಾನ ಎಂದಿಗಿಂತ ಬೇಗನೆ ನೆಲ ಬಿಟ್ಟುಬಿಡುತ್ತದೆ. ಅವನು ಅದಕ್ಕೆ ಸಿದ್ಧನಾಗಿರುವುದಿಲ್ಲ. ಬೋಧಕನು ಮೈದಾನದ ಅಂಚಿನಲ್ಲಿ ನಿಂತು, ಕಣ್ಣಿಗೆ ಕೈ ಮರೆಮಾಡಿ, ಅದು ಮೊದಲ ತಿರುವು ತೆಗೆದುಕೊಳ್ಳುವುದನ್ನು ನೋಡುತ್ತಿರುತ್ತಾನೆ.